ಶಿಥಿಲಾವಸ್ಥೆಯಲ್ಲಿರುವ ಹಳೆಯ ಟೆಲಿಪ್ರಿಂಟರ್ ಯಂತ್ರದ ಪುನಶ್ಚೇತನ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ತಂತಿಯ ಮೂಲಕ ಬರುವ ವಿದ್ಯುತ್ ಸಂಕೇತಗಳನ್ನು ಅಕ್ಷರಗಳನ್ನಾಗಿ ಪರಿವರ್ತಿಸಿ ಕಾಗದದ ಮೇಲೆ ಮುದ್ರಿಸುವ ಯಂತ್ರವೇ ಟೆಲಿಪ್ರಿಂಟರ್ ಅಥವಾ ದೂರಮುದ್ರಕ. ತಂತಿ ಕಚೇರಿಗಳು, ರೈಲ್ವೆ, ಪೊಲೀಸ್ ಇಲಾಖೆ ಹಾಗೂ ಪತ್ರಿಕಾ ಕಾರ್ಯಾಲಯಗಳಲ್ಲಿ ಈ ಯಂತ್ರಗಳು ದಶಕಗಳ ಕಾಲ ಹಗಲಿರುಳು ಕೆಲಸ ಮಾಡಿವೆ. 1949ರಲ್ಲಿ ಕಾರ್ಯಾರಂಭ ಮಾಡಿದ ಪಿ.ಟಿ.ಐ. ಮತ್ತು 1961ರಲ್ಲಿ ಆರಂಭವಾದ ಯು.ಎನ್.ಐ. ಸುದ್ದಿಸಂಸ್ಥೆಗಳ ಸುದ್ದಿಯು ಇಂಗ್ಲಿಷ್‌ನಲ್ಲಿ ಇದೇ ಯಂತ್ರದಿಂದ ಹೊರಬರುತ್ತಿತ್ತು. ಅದನ್ನು ಹರಿದುಕೊಂಡು ಕನ್ನಡಕ್ಕೆ ಭಾಷಾಂತರಿಸುವುದು ಕನ್ನಡ ಪತ್ರಿಕೆಗಳ ಉಪಸಂಪಾದಕರ ನಿತ್ಯದ ಕೆಲಸವಾಗಿತ್ತು.

ಭಾರತದಲ್ಲಿ ಟೆಲಿಪ್ರಿಂಟರ್ ತಯಾರಿಕೆಗಾಗಿ 1960ರಲ್ಲಿ ಮದರಾಸಿನಲ್ಲಿ ಹಿಂದೂಸ್ತಾನ್ ಟೆಲಿಪ್ರಿಂಟರ್ಸ್ ಲಿಮಿಟೆಡ್ ಎಂಬ ಸಾರ್ವಜನಿಕ ಉದ್ಯಮವು ಸ್ಥಾಪನೆಯಾಯಿತು. ದೇಶದ ತಂತಿ ಸೇವೆಯು 2013ರ ಜುಲೈ ತಿಂಗಳಿನಲ್ಲಿ ಮುಕ್ತಾಯಗೊಂಡಿತು. ಹರಾಜಿನಲ್ಲಿ, ಗುಜರಿ ಅಂಗಡಿಯಲ್ಲಿ ಅಥವಾ ಹಳೆಯ ಮುದ್ರಣಾಲಯದ ಉಗ್ರಾಣದಲ್ಲಿ ಇಂತಹ ಯಂತ್ರವು ದೊರೆತಲ್ಲಿ ಅದನ್ನು ಹಾಳುಗೆಡವದೇ ಮತ್ತೆ ಚಾಲನೆಗೆ ತರುವ ಕ್ರಮವನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಈ ಪುಟದಲ್ಲಿ ವಿವರಿಸಲಾಗಿದೆ.

ಮಾದರಿಯಿಂದ ಮಾದರಿಗೆ ರಚನೆಯು ಭಿನ್ನವಾಗಿರುವುದರಿಂದ, ಅಮೆರಿಕದ ಟೆಲಿಟೈಪ್ ಕಾರ್ಪೊರೇಷನ್ 1930ರಿಂದ ತಯಾರಿಸಿದ 'ಮಾದರಿ 15' ಯಂತ್ರವನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಸ್ವಚ್ಛತೆ, ಎಣ್ಣೆ ಹಾಗೂ ಸುರಕ್ಷತೆಗೆ ಸಂಬಂಧಿಸಿದ ಸೂಚನೆಗಳು ಇಂಗ್ಲೆಂಡಿನ ಕ್ರೀಡ್ ಕಂಪನಿಯ ಯಂತ್ರಗಳಿಗೂ ಭಾರತದಲ್ಲಿ ತಯಾರಾದ ಯಂತ್ರಗಳಿಗೂ ಬಹುಮಟ್ಟಿಗೆ ಅನ್ವಯಿಸುತ್ತವೆ.

2. ಯಂತ್ರದ ಕಾರ್ಯವಿಧಾನ

ದುರಸ್ತಿಗೆ ಮುನ್ನ ಯಂತ್ರದ ಕೆಲಸವನ್ನು ಅರಿತಿರುವುದು ಅವಶ್ಯಕ. ಪ್ರತಿಯೊಂದು ಅಕ್ಷರವೂ ಐದು ಘಟಕಗಳ ಸಂಕೇತವಾಗಿ ಬರುತ್ತದೆ. ಫ್ರಾನ್ಸಿನ ಎಮಿಲ್ ಬೋದೋ 1874ರಲ್ಲಿ ಹಕ್ಕುಸ್ವಾಮ್ಯ ಪಡೆದ ಐದು ಘಟಕಗಳ ಪದ್ಧತಿಯೇ ಇದರ ಮೂಲ. ಐದು ಘಟಕಗಳಿಂದ 32 ಸಂಯೋಜನೆಗಳು ಮಾತ್ರ ಸಾಧ್ಯ. ಆದುದರಿಂದ ಅಕ್ಷರಗಳಿಗೂ ಅಂಕಿಗಳಿಗೂ ಅದೇ ಸಂಕೇತಗಳನ್ನು ಬಳಸಿ, 'ಅಕ್ಷರ ಶಿಫ್ಟ್' ಮತ್ತು 'ಅಂಕಿ ಶಿಫ್ಟ್' ಎಂಬ ಎರಡು ಆದೇಶಗಳ ಮೂಲಕ ವ್ಯತ್ಯಾಸ ಮಾಡಲಾಗುತ್ತದೆ.

ಐದು ಘಟಕಗಳ ಮುಂದೆ ಒಂದು ಆರಂಭ ಸಂಕೇತವೂ ಕೊನೆಯಲ್ಲಿ ಒಂದು ನಿಲುಗಡೆ ಸಂಕೇತವೂ ಇರುತ್ತದೆ. 45.45 ಬಾಡ್ ವೇಗದಲ್ಲಿ ಆರಂಭ ಸಂಕೇತಕ್ಕೂ ಪ್ರತಿಯೊಂದು ಘಟಕಕ್ಕೂ ತಲಾ 22 ಮಿಲಿಸೆಕೆಂಡು, ನಿಲುಗಡೆಗೆ 31 ಮಿಲಿಸೆಕೆಂಡು, ಹೀಗೆ ಒಂದು ಅಕ್ಷರಕ್ಕೆ ಒಟ್ಟು 163 ಮಿಲಿಸೆಕೆಂಡು ತಗಲುತ್ತದೆ. ಇದು ನಿಮಿಷಕ್ಕೆ ಸುಮಾರು 60 ಪದಗಳ ವೇಗ. ಅಂತರರಾಷ್ಟ್ರೀಯ ಟೆಲೆಕ್ಸ್ ಜಾಲದಲ್ಲಿ ಬಳಕೆಯಲ್ಲಿದ್ದುದು 50 ಬಾಡ್ ವೇಗ.

ಆರಂಭ ಸಂಕೇತವು ಬಂದೊಡನೆ ಆಯ್ಕೆ ವಿದ್ಯುತ್ಕಾಂತವು ಒಂದು ಕ್ಯಾಮ್ ಅನ್ನು ಬಿಡುಗಡೆ ಮಾಡುತ್ತದೆ. ಕ್ಯಾಮ್ ಒಂದು ಸುತ್ತು ತಿರುಗುವಷ್ಟರಲ್ಲಿ ಐದೂ ಘಟಕಗಳನ್ನು ಒಂದರ ಬಳಿಕ ಒಂದರಂತೆ ಪರೀಕ್ಷಿಸಿ, ಕಚ್ಚುಗಳುಳ್ಳ ಐದು ಸಂಕೇತ ಪಟ್ಟಿಗಳನ್ನು ಜರುಗಿಸುತ್ತದೆ. ಐದೂ ಪಟ್ಟಿಗಳ ಕಚ್ಚುಗಳು ಒಂದೇ ಸಾಲಿಗೆ ಬಂದ ಸ್ಥಳದಲ್ಲಿ ಒಂದು ಎಳೆಗೋಲು ಮಾತ್ರ ಕೆಳಗಿಳಿಯುತ್ತದೆ. ಅದಕ್ಕೆ ಜೋಡಿಸಿದ ಅಚ್ಚಿನ ಕಡ್ಡಿಯು ಕಾಗದಕ್ಕೆ ಬಡಿಯುತ್ತದೆ. ಈ ಕ್ರಿಯೆಗಳೆಲ್ಲವೂ ಹಗುರವಾದ ಸ್ಪ್ರಿಂಗುಗಳ ಬಲದಿಂದ ನಡೆಯುವುದರಿಂದ, ಒಂದು ಕೀಲು ಬಿಗಿದರೂ ತಪ್ಪು ಅಕ್ಷರ ಬೀಳುತ್ತದೆ.

3. ಮೊದಲ ಪರಿಶೀಲನೆ

ಯಂತ್ರವನ್ನು ತಂದ ದಿನವೇ ವಿದ್ಯುತ್ ಸಂಪರ್ಕ ಕೊಡಕೂಡದು. ಹಳೆಯ ಟೆಲಿಪ್ರಿಂಟರ್ ಚಲಿಸದಿರಲು ಸಾಮಾನ್ಯ ಕಾರಣ ಸವೆತವಲ್ಲ, ಗಟ್ಟಿಯಾದ ಎಣ್ಣೆ. ಎಣ್ಣೆಯು ಅಂಟಿನಂತಾಗಿ ಕೀಲುಗಳನ್ನು ಹಿಡಿದಿರುವಾಗ ಮೋಟಾರನ್ನು ಚಾಲೂ ಮಾಡಿದರೆ ಕ್ಯಾಮ್, ಹಲ್ಲುಚಕ್ರ ಅಥವಾ ಅಚ್ಚಿನ ಕಡ್ಡಿ ಮುರಿಯುತ್ತದೆ. ಅಂತಹ ಬಿಡಿಭಾಗಗಳು ಈಗ ಎಲ್ಲಿಯೂ ತಯಾರಾಗುತ್ತಿಲ್ಲ. ಮತ್ತೊಂದು ಹಳೆಯ ಯಂತ್ರವನ್ನು ಬಿಚ್ಚಿಯೇ ಪಡೆಯಬೇಕಾಗುತ್ತದೆ. ಎಂಬತ್ತು ವರ್ಷ ಉಳಿದು ಬಂದ ಯಂತ್ರವು ಒಂದು ನಿಮಿಷದ ಆತುರದಿಂದ ನಿರುಪಯುಕ್ತವಾಗಬಹುದು ಎಂಬುದನ್ನು ನೆನಪಿನಲ್ಲಿಡತಕ್ಕದ್ದು.

ಮೊದಲ ಹಂತದಲ್ಲಿ ಈ ಕೆಳಕಂಡ ಕ್ರಮಗಳನ್ನು ಅನುಸರಿಸುವುದು:

(ಅ) ಇದ್ದ ಸ್ಥಿತಿಯಲ್ಲಿಯೇ ಎಲ್ಲ ಬದಿಗಳಿಂದ ಛಾಯಾಚಿತ್ರ ತೆಗೆಯುವುದು.
(ಆ) ಮಾದರಿ ಸಂಖ್ಯೆ, ಕ್ರಮಸಂಖ್ಯೆ ಹಾಗೂ ಮೋಟಾರಿನ ಫಲಕದಲ್ಲಿರುವ ವೋಲ್ಟೇಜ್ ಮತ್ತು ಆವರ್ತನವನ್ನು ಬರೆದಿಟ್ಟುಕೊಳ್ಳುವುದು.
(ಇ) ಕಚೇರಿಯ ಆಸ್ತಿ ಸಂಖ್ಯೆ, ಬಣ್ಣದಲ್ಲಿ ಬರೆದ ಗುರುತು, ಒಳಗೆ ಅಂಟಿಸಿದ ಚೀಟಿ ಇವುಗಳನ್ನು ಅಳಿಸದೇ ಉಳಿಸುವುದು. ಯಂತ್ರವು ಎಲ್ಲಿ ದುಡಿಯಿತು ಎಂಬುದಕ್ಕೆ ಇವೇ ದಾಖಲೆ.
(ಈ) ಮೋಟಾರಿನ ಅಕ್ಷವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ನೋಡುವುದು. ಬಿಗಿಯಾಗಿದ್ದಲ್ಲಿ ಬಲ ಪ್ರಯೋಗಿಸಕೂಡದು.

ತುಕ್ಕಿನಿಂದ ಸ್ಪ್ರಿಂಗುಗಳೂ ಸಂಕೇತ ಪಟ್ಟಿಗಳೂ ತಿಂದುಹೋಗಿದ್ದಲ್ಲಿ ಅಂತಹ ಯಂತ್ರವನ್ನು ಚಾಲನೆಗೆ ತರುವ ಪ್ರಯತ್ನ ಮಾಡದೇ, ಸ್ವಚ್ಛಗೊಳಿಸಿ ಪ್ರದರ್ಶನಕ್ಕಾಗಿ ಉಳಿಸಿಕೊಳ್ಳುವುದು ಸೂಕ್ತ. ಇದೂ ಸಂರಕ್ಷಣೆಯೇ ಆಗಿರುತ್ತದೆ.

4. ಬಿಚ್ಚುವಿಕೆ ಮತ್ತು ಸ್ವಚ್ಛತೆ

ಮಾದರಿ 15 ಯಂತ್ರದಲ್ಲಿ ಮುದ್ರಣ ಭಾಗ, ಕೀಲಿಮಣೆ, ಮೋಟಾರು ಮತ್ತು ಪೀಠ ಇವು ಪ್ರತ್ಯೇಕ ಘಟಕಗಳಾಗಿದ್ದು ಸುಲಭವಾಗಿ ಬೇರ್ಪಡುತ್ತವೆ. ಆರಂಭಿಕರು ಇವುಗಳನ್ನು ಬೇರ್ಪಡಿಸುವುದಕ್ಕೆ ಸೀಮಿತಗೊಳ್ಳುವುದು ಕ್ಷೇಮ. ಘಟಕದೊಳಗಿನ ಹೊಂದಾಣಿಕೆಯ ಸ್ಕ್ರೂಗಳನ್ನು ಕಾರಣವಿಲ್ಲದೇ ಸಡಿಲಿಸಿದರೆ, ತಯಾರಕರ ಕೈಪಿಡಿಯಲ್ಲಿರುವ ಅಳತೆಗಳಂತೆ ಎಲ್ಲವನ್ನೂ ಮತ್ತೆ ಹೊಂದಿಸಬೇಕಾಗುತ್ತದೆ. ಬಿಚ್ಚಿದ ಪ್ರತಿ ಭಾಗದ ಸ್ಕ್ರೂ ಮತ್ತು ಸ್ಪ್ರಿಂಗುಗಳನ್ನು ಚೀಟಿ ಅಂಟಿಸಿದ ಪ್ರತ್ಯೇಕ ಡಬ್ಬಿಗಳಲ್ಲಿ ಇಡುವುದು. ನೋಡಲು ಒಂದೇ ರೀತಿ ಇರುವ ಸ್ಪ್ರಿಂಗುಗಳ ಬಲವು ಬೇರೆ ಬೇರೆಯಾಗಿರುತ್ತದೆ.

ಒಣ ಧೂಳು ಮತ್ತು ಕಾಗದದ ನಾರನ್ನು ಬ್ರಷ್‌ನಿಂದ ತೆಗೆದ ಬಳಿಕ, ಗಟ್ಟಿಯಾದ ಎಣ್ಣೆಯನ್ನು ಮಿನರಲ್ ಟರ್ಪೆಂಟೈನ್‌ನಿಂದ ಕರಗಿಸುವುದು. ಒಂದೇ ಬಾರಿಗೆ ಬಿಡದಿದ್ದಲ್ಲಿ ಹಚ್ಚಿ ಒಂದು ರಾತ್ರಿ ಬಿಟ್ಟು, ಮರುದಿನ ಕೀಲನ್ನು ಮೆಲ್ಲಗೆ ಅಲುಗಾಡಿಸುವುದು. ಈ ಕೆಲಸವನ್ನು ಬೆಂಕಿ ಮತ್ತು ಕಿಡಿಯಿಂದ ದೂರ, ಗಾಳಿಯಾಡುವ ಸ್ಥಳದಲ್ಲಿ, ಕೈಗವಸು ಧರಿಸಿ ಮಾಡತಕ್ಕದ್ದು. ವಿದ್ಯುತ್ಕಾಂತದ ಕಾಯಿಲ್‌ಗಳು, ಮೋಟಾರು ಮತ್ತು ಹತ್ತಿಯ ಹೊದಿಕೆಯುಳ್ಳ ತಂತಿಗಳ ಮೇಲೆ ದ್ರಾವಕ ಬೀಳಕೂಡದು. ಕಾಗದವನ್ನು ಒತ್ತಿ ಹಿಡಿಯುವ ರಬ್ಬರ್ ಉರುಳೆಗೂ ಅದನ್ನು ತಾಗಿಸಬಾರದು.

5. ಎಣ್ಣೆ ಮತ್ತು ಗ್ರೀಸ್

ಸ್ವಚ್ಛಗೊಂಡ ಕೀಲುಗಳಿಗೆ ತೆಳುವಾದ ಯಂತ್ರದೆಣ್ಣೆಯನ್ನು ಹನಿ ಹನಿಯಾಗಿ ಹಾಕುವುದು. ಹಲ್ಲುಚಕ್ರಗಳಿಗೆ ಗ್ರೀಸ್ ಬಳಸುವುದು. ತುಕ್ಕು ಬಿಡಿಸಲು ಮಾರಾಟವಾಗುವ ಸ್ಪ್ರೇ ದ್ರವಗಳು ಎಣ್ಣೆಗೆ ಬದಲಿಯಲ್ಲ. ಅವು ಬೇಗನೆ ಆರಿಹೋಗುತ್ತವೆ.

ಆಯ್ಕೆ ಕ್ಯಾಮ್‌ಗೆ ಚಲನೆಯನ್ನು ಒದಗಿಸುವ ಫೆಲ್ಟ್ ಬಿಲ್ಲೆಗಳ ವಿಷಯದಲ್ಲಿ ವಿಶೇಷ ಗಮನ ಅವಶ್ಯಕ. ಇವು ಎಣ್ಣೆಯಲ್ಲಿ ಚೆನ್ನಾಗಿ ನೆನೆದಿರಬೇಕು. ಒಣಗಿದ ಫೆಲ್ಟ್ ಒಮ್ಮೆ ಹಿಡಿದು ಒಮ್ಮೆ ಜಾರುವುದರಿಂದ, ಸಂಕೇತವು ಸರಿಯಾಗಿದ್ದರೂ ಅಕ್ಷರಗಳು ತಪ್ಪಾಗಿ ಬೀಳುತ್ತವೆ. ಇದನ್ನು ವಿದ್ಯುತ್ ದೋಷವೆಂದು ಭಾವಿಸಿ ಅನಗತ್ಯವಾಗಿ ಕಾಯಿಲ್ ಬದಲಿಸಿದವರುಂಟು. ಮೋಟಾರಿನ ಸ್ವಿಚ್‌ಗಳ ಹಾಗೂ ಕೀಲಿಮಣೆಯ ಸಂಪರ್ಕ ಬಿಂದುಗಳ ಮೇಲೆ ಎಣ್ಣೆ ಇರಕೂಡದು.

6. ಮೋಟಾರು ಮತ್ತು ವಿದ್ಯುತ್ ಪೂರೈಕೆ

ಹಳೆಯ ತಂತಿಗಳ ಹೊದಿಕೆಯು ಬಿರುಕು ಬಿಟ್ಟು ಉದುರುವ ಸಂಭವವಿರುತ್ತದೆ. ಅಂತಹ ತಂತಿಗಳನ್ನು ತಪ್ಪದೇ ಬದಲಾಯಿಸಿ, ಯಂತ್ರದ ಲೋಹದ ಚೌಕಟ್ಟಿಗೆ ಅರ್ಥಿಂಗ್ ಮಾಡಿಸತಕ್ಕದ್ದು. ಮೋಟಾರಿನ ಸುರುಳಿ ಹಾಗೂ ಚೌಕಟ್ಟಿನ ನಡುವಿನ ನಿರೋಧವನ್ನು ಮೆಗ್ಗರ್ ಉಪಕರಣದಿಂದ ಅಳೆಯಿಸುವುದು. ಅದು ಒಂದು ಮೆಗಾ ಓಮ್‌ಗಿಂತ ಕಡಿಮೆ ಇದ್ದಲ್ಲಿ ಮೋಟಾರನ್ನು ಒಣಗಿಸುವವರೆಗೆ ಅಥವಾ ಮರುಸುತ್ತುವವರೆಗೆ ವಿದ್ಯುತ್ ನೀಡಕೂಡದು. ಹಳೆಯ ಕಾಗದದ ಕೆಪಾಸಿಟರ್‌ಗಳನ್ನು ಬದಲಿಸುವುದು.

ಅಮೆರಿಕದ ಯಂತ್ರಗಳನ್ನು 110 ವೋಲ್ಟ್, 60 ಹರ್ಟ್ಸ್ ವಿದ್ಯುತ್ತಿಗಾಗಿ ತಯಾರಿಸಲಾಗಿದೆ. ಭಾರತದಲ್ಲಿರುವುದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಮಾತ್ರ ಇಳಿಸುತ್ತದೆ, ಆವರ್ತನವನ್ನು ಬದಲಿಸುವುದಿಲ್ಲ. 60 ಹರ್ಟ್ಸ್‌ನ ಸಿಂಕ್ರೊನಸ್ ಮೋಟಾರು ಇಲ್ಲಿ ಆರನೇ ಐದರಷ್ಟು ವೇಗದಲ್ಲಿ ತಿರುಗುತ್ತದೆ. ಆಗ 45.45 ಬಾಡ್ ಇರಬೇಕಾದ ಯಂತ್ರವು ಸುಮಾರು 37.9 ಬಾಡ್‌ಗೆ ಇಳಿದು, ಬರುವ ಸಂಕೇತಗಳನ್ನು ತಪ್ಪಾಗಿ ಓದುತ್ತದೆ. ಮೋಟಾರು ಹೆಚ್ಚು ಬಿಸಿಯೂ ಆಗುತ್ತದೆ. 60 ಹರ್ಟ್ಸ್ ನೀಡುವ ಇನ್ವರ್ಟರ್ ಬಳಸುವುದು ಅಥವಾ ಸೂಕ್ತ ಹಲ್ಲುಚಕ್ರಗಳನ್ನೂ 50 ಹರ್ಟ್ಸ್ ಮೋಟಾರನ್ನೂ ಅಳವಡಿಸುವುದು ಇದಕ್ಕೆ ಪರಿಹಾರ.

ಗವರ್ನರ್ ಇರುವ ಮೋಟಾರಾದರೆ ಆವರ್ತನದ ತೊಂದರೆ ಇಲ್ಲ. ಅದರ ವೇಗವನ್ನು ಹೊಂದಿಸಲು, ಮೋಟಾರಿನ ಚಕ್ರದ ಮೇಲಿರುವ ಕಪ್ಪು ಬಿಳುಪು ಗುರುತುಗಳನ್ನು ಸೆಕೆಂಡಿಗೆ 87.6 ಬಾರಿ ಕಂಪಿಸುವ ಶ್ರುತಿಕವೆಯ ಸೀಳುಗಳ ಮೂಲಕ ನೋಡಲಾಗುತ್ತಿತ್ತು. ಗುರುತುಗಳು ನಿಂತಂತೆ ಕಂಡರೆ ವೇಗವು ಸರಿಯಾಗಿದೆ ಎಂದರ್ಥ.

7. ಲೂಪ್ ಪ್ರವಾಹ

ಎಚ್ಚರಿಕೆ: ಈ ಭಾಗದ ಕೆಲಸವನ್ನು ಅನುಭವಿ ವಿದ್ಯುತ್ ತಂತ್ರಜ್ಞರ ಸಮ್ಮುಖದಲ್ಲಿಯೇ ಮಾಡತಕ್ಕದ್ದು.

ಆಯ್ಕೆ ವಿದ್ಯುತ್ಕಾಂತಕ್ಕೆ 60 ಮಿಲಿ ಆಂಪಿಯರ್ ನೇರ ಪ್ರವಾಹ ಅವಶ್ಯಕ. ಸಾಮಾನ್ಯವಾಗಿ ಇದನ್ನು ಸುಮಾರು 120 ವೋಲ್ಟ್ ಮೂಲದಿಂದ, ಒಟ್ಟು ಸುಮಾರು 2000 ಓಮ್ ರೋಧದ ಮೂಲಕ ನೀಡಲಾಗುತ್ತದೆ. ಕಡಿಮೆ ವೋಲ್ಟೇಜಿನಿಂದಲೂ 60 ಮಿಲಿ ಆಂಪಿಯರ್ ಹರಿಸಬಹುದಾದರೂ, ಕಾಯಿಲ್‌ನ ಪ್ರೇರಕತ್ವದಿಂದಾಗಿ ಪ್ರವಾಹವು ನಿಧಾನವಾಗಿ ಏರುತ್ತದೆ. 22 ಮಿಲಿಸೆಕೆಂಡಿನ ಸಂಕೇತಕ್ಕೆ ಆ ವಿಳಂಬವು ಮಾರಕ. 120 ವೋಲ್ಟ್ ನೇರ ವಿದ್ಯುತ್ ಪ್ರಾಣಾಪಾಯಕಾರಿಯಾದುದರಿಂದ ತೆರೆದ ತುದಿಗಳನ್ನು ಬಿಡಕೂಡದು.

ಗಣಕಯಂತ್ರಕ್ಕೆ ಜೋಡಿಸುವುದಾದಲ್ಲಿ ಲೂಪನ್ನು ಗಣಕಯಂತ್ರದಿಂದ ಪ್ರತ್ಯೇಕಿಸುವ ಆಪ್ಟೋಕಪ್ಲರ್ ಕಡ್ಡಾಯ. ಹಲವು ಯು.ಎಸ್.ಬಿ. ಪರಿವರ್ತಕಗಳು 45.45 ಬಾಡ್ ವೇಗವನ್ನೂ ಐದು ಘಟಕಗಳ ಸಂಕೇತವನ್ನೂ ಒದಗಿಸುವುದಿಲ್ಲವಾದುದರಿಂದ ಸಣ್ಣ ಮೈಕ್ರೋಕಂಟ್ರೋಲರ್ ಬಳಸುವುದು ಅನುಕೂಲಕರ.

8. ಪರೀಕ್ಷೆ ಮತ್ತು ಹೊಂದಾಣಿಕೆ

ಮೊದಲಿಗೆ 'ಆರ್' ಮತ್ತು 'ವೈ' ಅಕ್ಷರಗಳನ್ನು ಒಂದಾದ ಮೇಲೊಂದರಂತೆ ಕಳುಹಿಸಿ ಪರೀಕ್ಷಿಸುವುದು ವಾಡಿಕೆ. ಒಂದರ ಸಂಕೇತ 01010, ಮತ್ತೊಂದರದು 10101. ಹೀಗಾಗಿ ಐದೂ ಘಟಕಗಳು ಪ್ರತಿ ಅಕ್ಷರಕ್ಕೂ ಬದಲಾಗುತ್ತವೆ.

ಬಳಿಕ ರೇಂಜ್ ಫೈಂಡರ್ ಎಂಬ ಅಳತೆಪಟ್ಟಿಯನ್ನು ಹೊಂದಿಸುವುದು. ಮಾದರಿ 15ರಲ್ಲಿ ಇದು 0ಯಿಂದ 120ರವರೆಗೆ ಇರುತ್ತದೆ. ತಪ್ಪುಗಳು ಆರಂಭವಾಗುವ ಕೆಳಗಿನ ಮತ್ತು ಮೇಲಿನ ಅಂಕಗಳನ್ನು ಗುರುತಿಸಿಕೊಂಡು ಮಧ್ಯದ ಅಂಕದಲ್ಲಿ ನಿಲ್ಲಿಸತಕ್ಕದ್ದು. ಉದಾಹರಣೆಗೆ 20ರ ಕೆಳಗೂ 100ರ ಮೇಲೂ ತಪ್ಪಾದರೆ 60ಕ್ಕೆ ನಿಲ್ಲಿಸುವುದು. ಎರಡು ಅಂಕಗಳ ಅಂತರವು ತೀರಾ ಕಡಿಮೆ ಇದ್ದಲ್ಲಿ ಫೆಲ್ಟ್, ಎಣ್ಣೆ, ಮೋಟಾರಿನ ವೇಗ ಮತ್ತು ಲೂಪ್ ಪ್ರವಾಹವನ್ನು ಇದೇ ಅನುಕ್ರಮದಲ್ಲಿ ಮರುಪರಿಶೀಲಿಸುವುದು.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಟೆಲಿಪ್ರಿಂಟರ್ ಇಟ್ಟುಕೊಳ್ಳಲು ಪ್ರಾಚೀನ ವಸ್ತುವೆಂದು ನೋಂದಣಿ ಮಾಡಿಸಬೇಕೇ?
ಉತ್ತರ: ಪ್ರಾಚೀನ ವಸ್ತುಗಳು ಮತ್ತು ಕಲಾಸಂಪತ್ತು ಅಧಿನಿಯಮ, 1972ರಂತೆ ಇಂತಹ ವಸ್ತುಗಳಿಗೆ ಕನಿಷ್ಠ 100 ವರ್ಷ ಆಗಿರಬೇಕು. 1930ರ ನಂತರದ ಮಾದರಿ 15 ಆ ಅವಧಿಯನ್ನು ಇನ್ನೂ ತಲುಪಿಲ್ಲ. ವಿದೇಶಕ್ಕೆ ಕಳುಹಿಸುವಾಗ ಸಂದೇಹ ಉಂಟಾದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಪ್ರಾಚೀನ ವಸ್ತುವಲ್ಲವೆಂಬ ಪ್ರಮಾಣಪತ್ರ ಪಡೆಯಬಹುದು.

ಪ್ರಶ್ನೆ: ರೇಡಿಯೋ ಮೂಲಕ ಸಂದೇಶ ಕಳುಹಿಸಬಹುದೇ?
ಉತ್ತರ: ಯಂತ್ರವನ್ನು ಮನೆಯಲ್ಲಿ ತಂತಿಯ ಮೂಲಕ ಗಣಕಯಂತ್ರಕ್ಕೆ ಜೋಡಿಸಿ ನಡೆಸುವುದು ಒಂದು, ರೇಡಿಯೋ ಪ್ರಸಾರ ಮಾಡುವುದು ಬೇರೊಂದು. ಪ್ರಸಾರಕ್ಕೆ ಕೇಂದ್ರ ಸರ್ಕಾರವು ನೀಡುವ ಹವ್ಯಾಸಿ ರೇಡಿಯೋ ಅನುಮತಿ ಅವಶ್ಯಕ. ಹವ್ಯಾಸಿಗಳ ರೇಡಿಯೋ ಟೆಲಿಟೈಪ್‌ನಲ್ಲಿ 45.45 ಬಾಡ್ ವೇಗವು ಇಂದಿಗೂ ರೂಢಿಯಲ್ಲಿದೆ.

ಪ್ರಶ್ನೆ: ಇಂಕಿನ ರಿಬ್ಬನ್ ಎಲ್ಲಿ ದೊರೆಯುತ್ತದೆ?
ಉತ್ತರ: ಅರ್ಧ ಇಂಚಿನ ಬೆರಳಚ್ಚು ಯಂತ್ರದ ರಿಬ್ಬನ್ನನ್ನು ಯಂತ್ರದ ಮೂಲ ರಾಟೆಗಳಿಗೆ ಸುತ್ತಿಕೊಳ್ಳಬಹುದು. ದಿಕ್ಕು ಬದಲಾಗಲು ರಿಬ್ಬನ್ನಿನ ತುದಿಗಳ ಬಳಿ ಲೋಹದ ಸಣ್ಣ ಬಳೆ ಇರುವುದನ್ನು ಖಚಿತಪಡಿಸಿಕೊಳ್ಳುವುದು.

ಪ್ರಶ್ನೆ: 1963ರಲ್ಲಿ ಬಂದ ಟೆಲಿಟೈಪ್ ಮಾದರಿ 33ಕ್ಕೂ ಇದೇ ವಿಧಾನವೇ?
ಉತ್ತರ: ಸ್ವಚ್ಛತೆಯ ಕ್ರಮ ಅದೇ. ಆದರೆ ಅದು 110 ಬಾಡ್ ವೇಗದ, ಎಂಟು ಘಟಕಗಳ ಯಂತ್ರ. ಅದರ ಮುದ್ರಣ ಸುತ್ತಿಗೆಯ ರಬ್ಬರ್ ಕಾಲಕ್ರಮೇಣ ಕರಗಿ ಅಂಟಾಗುತ್ತದೆ. ಹೊಸ ರಬ್ಬರ್ ಹಾಕದೇ ಚಾಲನೆ ಮಾಡಿದರೆ ಅಚ್ಚಿನ ಚಕ್ರವು ಹಾಳಾಗುತ್ತದೆ.

10. ಸೂಚನೆ

ದುರಸ್ತಿ ಪೂರ್ಣಗೊಂಡ ಬಳಿಕ ಬದಲಿಸಿದ ಭಾಗಗಳ ಪಟ್ಟಿ, ದಿನಾಂಕ ಹಾಗೂ ರೇಂಜ್ ಫೈಂಡರ್‌ನ ಅಂಕವನ್ನು ಒಂದು ಪುಸ್ತಕದಲ್ಲಿ ಬರೆದು ಯಂತ್ರದೊಂದಿಗೆ ಇಡುವುದು. ತೆಗೆದ ಮೂಲ ಭಾಗಗಳನ್ನು ಎಸೆಯಕೂಡದು. ಯಂತ್ರವು ಕೈ ಬದಲಾದಾಗ ಮುಂದಿನವರು ಮತ್ತೆ ಮೊದಲಿನಿಂದ ಆರಂಭಿಸುವುದನ್ನು ಈ ಪುಸ್ತಕವು ತಪ್ಪಿಸುತ್ತದೆ. ತಿಂಗಳಿಗೊಮ್ಮೆಯಾದರೂ ಯಂತ್ರವನ್ನು ಕೆಲವು ನಿಮಿಷ ನಡೆಸುವುದರಿಂದ ಎಣ್ಣೆಯು ಮತ್ತೆ ಗಟ್ಟಿಯಾಗದೇ ಇರುತ್ತದೆ.