ಮನೆ ಮಾಲೀಕರ ಕಿರುಕುಳ: ಬಾಡಿಗೆದಾರನಿಗೆ ಕಾನೂನಿನ ಆಸರೆ ಎಷ್ಟು?

ಶಿರಸಿ: ಬಾಡಿಗೆದಾರನನ್ನು ಮನೆಯಿಂದ ಹೊರಡಿಸಲು ಮಾಲೀಕ ಬೀದಿಯಲ್ಲಿ ನಿಂತು ಜಗಳವಾಡಬೇಕೆಂದೇನೂ ಇಲ್ಲ. ಬಾವಿಯ ಪಂಪಿನ ಸ್ವಿಚ್ ಇರುವ ಕೋಣೆಗೆ ಬೀಗ ಜಡಿದರೆ ಸಾಕು. ಫ್ಯೂಸ್ ಕಿತ್ತಿಟ್ಟುಕೊಳ್ಳುವುದು, ಮಳೆಗಾಲಕ್ಕೆ ಮುನ್ನ ಒಡೆದ ಹೆಂಚು ಬದಲಿಸದೆ ಸತಾಯಿಸುವುದು, ಹೊತ್ತುಗೊತ್ತಿಲ್ಲದೆ ಒಳಬಂದು 'ಮನೆ ನೋಡಬೇಕು' ಎನ್ನುವುದು, ಬಾಡಿಗೆ ಕೊಡಲು ಹೋದರೆ ಮುಟ್ಟದೆ, ಆಮೇಲೆ 'ಬಾಡಿಗೆ ಬಾಕಿ' ಎಂದು ದೂರುವುದು ಇವೆಲ್ಲ ಇದೇ ಉದ್ದೇಶದ ಹಳೆಯ ಉಪಾಯಗಳು. ಇಂಥ ಸಂದರ್ಭದಲ್ಲಿ ಬಾಡಿಗೆದಾರನಿಗೆ ಯಾವ ಹಕ್ಕುಗಳಿವೆ, ಎಲ್ಲಿಗೆ ಹೋಗಬೇಕು ಎಂಬುದನ್ನು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ. ಕಾನೂನು ರಾಜ್ಯದ ಉಳಿದ ಪಟ್ಟಣಗಳಿಗೂ ಬಹುಮಟ್ಟಿಗೆ ಇದೇ.

ಶಿರಸಿ ನಗರಸಭೆಯಿರುವ ಊರು. ಅಡಿಕೆ ವ್ಯಾಪಾರ, ಕಾಲೇಜು, ಸರಕಾರಿ ಕಚೇರಿ, ಆಸ್ಪತ್ರೆ ಎಂದು ಸುತ್ತಲಿನ ಹಳ್ಳಿಗಳ ಜನ ಇಲ್ಲಿಗೆ ಬಂದು ನೆಲೆಸುತ್ತಾರೆ. ಸಿದ್ದಾಪುರ ಮತ್ತು ಯಲ್ಲಾಪುರದಲ್ಲಿರುವುದು ಪಟ್ಟಣ ಪಂಚಾಯಿತಿ. ಇಂಥ ಊರುಗಳಲ್ಲಿ ಬಾಡಿಗೆ ವ್ಯವಹಾರ ಬಹಳಷ್ಟು ಬಾಯಿಮಾತಿನ ಮೇಲೆಯೇ ನಡೆಯುತ್ತದೆ. ಮಾಲೀಕ ಪರಿಚಿತನೋ ದೂರದ ನೆಂಟನೋ ಆಗಿರುತ್ತಾನೆ. ಪರಿಚಯ ಕೆಟ್ಟ ದಿನ ಕೈಯಲ್ಲಿ ಒಂದು ರಸೀದಿಯೂ ಇರುವುದಿಲ್ಲ ಎಂಬುದೇ ನಿಜವಾದ ತೊಡಕು.

ಯಾವ ಕಾಯ್ದೆ ಅನ್ವಯ?

ಬಾಡಿಗೆದಾರರಲ್ಲಿ ಹಲವರು 'ರೆಂಟ್ ಕಂಟ್ರೋಲ್ ಇದೆ, ನಮ್ಮನ್ನು ಬಿಡಿಸಲಾಗದು' ಎಂದು ನಂಬಿದ್ದಾರೆ. ಈ ನಂಬಿಕೆ ಈಗ ಅರ್ಧಸತ್ಯವೂ ಅಲ್ಲ. 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆ ರದ್ದಾಗಿ, ಅದರ ಜಾಗದಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯ್ದೆಯು 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದಿತು. ಹೊಸ ಕಾಯ್ದೆಯ ರಕ್ಷಣೆಗೆ ಬಾಡಿಗೆಯ ಮಿತಿಯುಂಟು. ಅದರ ಮೊದಲ ಅನುಸೂಚಿಯ 'ಎ' ಭಾಗದಲ್ಲಿ ಹೆಸರಿಸಿದ ಪ್ರದೇಶಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಇತರೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ಕಾಯ್ದೆ ಹೊರಗಿಟ್ಟಿದೆ. ಅಂಗಡಿ ಮುಂಗಟ್ಟುಗಳ ಪೈಕಿ 14 ಚದರ ಮೀಟರಿಗಿಂತ ದೊಡ್ಡವೂ ಅದರ ವ್ಯಾಪ್ತಿಯಲ್ಲಿಲ್ಲ. ಇಂದು ಶಿರಸಿಯಲ್ಲಿ 2,000 ರೂಪಾಯಿಗೆ ಒಂದು ಸಂಸಾರ ಹಿಡಿಸುವ ಮನೆ ಸಿಗುವುದು ಕನಸಿನ ಮಾತು. ಹೀಗಾಗಿ ಬಹಳ ವರ್ಷಗಳಿಂದ ಒಂದೇ ಮನೆಯಲ್ಲಿದ್ದು ಅಲ್ಪ ಬಾಡಿಗೆ ಕೊಡುತ್ತಿರುವವರಿಗಷ್ಟೇ ಈ ಕಾಯ್ದೆ ಉಪಯೋಗಕ್ಕೆ ಬರುತ್ತದೆ.

ಅದರೊಳಗೆ ಬರುವವರಿಗೆ ರಕ್ಷಣೆ ಗಟ್ಟಿಯಾಗಿದೆ. ಕಲಂ 27ರ ಪ್ರಕಾರ ನ್ಯಾಯಾಲಯದ ಆದೇಶವಿಲ್ಲದೆ, ಅದೂ ಅಲ್ಲಿ ಪಟ್ಟಿ ಮಾಡಿದ ಕಾರಣಗಳ ಹೊರತು, ಬಾಡಿಗೆದಾರನನ್ನು ಹೊರಹಾಕುವಂತಿಲ್ಲ. ಬಾಕಿ ಕೇಳಿ ನೋಟಿಸು ಕೊಟ್ಟ 2 ತಿಂಗಳೊಳಗೆ ಪಾವತಿಸದಿರುವುದು, ಮಾಲೀಕನ ಲಿಖಿತ ಒಪ್ಪಿಗೆಯಿಲ್ಲದೆ ಒಳಬಾಡಿಗೆಗೆ ಕೊಡುವುದು, ಕಟ್ಟಡಕ್ಕೆ ಭಾರೀ ಹಾನಿ ಮಾಡುವುದು, ಮಾಲೀಕನಿಗೆ ಅಥವಾ ಆತನ ಕುಟುಂಬಕ್ಕೆ ನಿಜವಾಗಿಯೂ ಮನೆ ಬೇಕಾಗಿರುವುದು ಇಂಥವು ಆ ಕಾರಣಗಳು.

ಉಳಿದ ಬಹುಪಾಲು ಬಾಡಿಗೆದಾರರಿಗೆ ಅನ್ವಯವಾಗುವುದು ಬ್ರಿಟಿಷರ ಕಾಲದ 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಇದರಡಿ ಮನೆ ಬಿಡಿಸಲು ಮಾಲೀಕ ಕಾರಣ ಹೇಳಬೇಕಾಗಿಲ್ಲ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಕಲಂ 106ರಂತೆ ತಿಂಗಳ ಬಾಡಿಗೆಗೆ ಸಹಿ ಮಾಡಿದ ಲಿಖಿತ ನೋಟಿಸಿನ ಮೂಲಕ 15 ದಿನಗಳ ಗಡುವು ಕೊಟ್ಟರೆ ಸಾಕು. ಇದು ಬಾಡಿಗೆದಾರನಿಗೆ ಕಹಿಯಾದರೂ ತಿಳಿದಿರಬೇಕಾದ ಸತ್ಯ. ಆದರೆ ಗಡುವು ಮುಗಿಯುವುದು ಬೇರೆ, ಮನೆಯಿಂದ ಎತ್ತಿ ಹಾಕುವುದು ಬೇರೆ. 15 ದಿನ ಕಳೆದ ಮೇಲೂ ಬಾಡಿಗೆದಾರ ಬಿಡದಿದ್ದರೆ ಮಾಲೀಕನಿಗಿರುವ ದಾರಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುವುದೊಂದೇ. ದಾವೆ ಸೋತರೆ ಹೆಚ್ಚುವರಿ ದಿನಗಳಿಗೆ ನಷ್ಟ ಕಟ್ಟಿಕೊಡುವ ಹೊಣೆ ಬಾಡಿಗೆದಾರನ ಮೇಲೆ ಬೀಳಬಹುದು ಎಂಬುದನ್ನೂ ಮರೆಯಬಾರದು.

ಹನ್ನೊಂದು ತಿಂಗಳ ಕರಾರಿನ ಬಗ್ಗೆಯೂ ಒಂದು ಮಾತು. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಬೇಕು. ಅದನ್ನು ತಪ್ಪಿಸಲೆಂದೇ 11 ತಿಂಗಳ ರೂಢಿ ಬೆಳೆದಿದೆ. ಹನ್ನೆರಡನೆಯ ತಿಂಗಳಲ್ಲೂ ಮಾಲೀಕ ಬಾಡಿಗೆ ಪಡೆದರೆ ಗುತ್ತಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದಂತೆ. 'ಕರಾರು ಮುಗಿದಿದೆ, ನಾಳೆಯೇ ಖಾಲಿ ಮಾಡು' ಎನ್ನಲು ಬರುವುದಿಲ್ಲ.

ಬೀಗ ಒಡೆದರೆ, ಬೀಗ ಹಾಕಿದರೆ

ಈ ವಿಷಯದಲ್ಲಿ ಸುಪ್ರೀಂ ಕೋರ್ಟಿನ ನಿಲುವು ಸ್ಪಷ್ಟವಾಗಿದೆ. ಕೃಷ್ಣ ರಾಮ್ ಮಹಾಲೆ ಪ್ರಕರಣದಲ್ಲಿ (1989) ಅದು ಹೇಳಿದ್ದೇನೆಂದರೆ, ಒಬ್ಬನು ನೆಲೆಗೊಂಡ ಸ್ವಾಧೀನದಲ್ಲಿದ್ದಾಗ ಆತನಿಗೆ ಅಲ್ಲಿರುವ ಹಕ್ಕು ಇಲ್ಲವೆಂದೇ ಇಟ್ಟುಕೊಂಡರೂ ಮಾಲೀಕನು ಕಾನೂನಿನ ಮಾರ್ಗದ ಹೊರತು ಆತನನ್ನು ಹೊರಹಾಕುವಂತಿಲ್ಲ. ಕರ್ನಾಟಕದಿಂದಲೇ ಹೋದ ರಾಮೇಗೌಡ ವಿರುದ್ಧ ವರದಪ್ಪ ನಾಯ್ಡು ಪ್ರಕರಣದಲ್ಲಿ ನ್ಯಾಯಾಲಯವು ಈ ತತ್ವವನ್ನು ಮತ್ತೆ ಎತ್ತಿಹಿಡಿಯಿತು.

ಇದನ್ನು ಕೈಗೆಟಕಿಸುವ ಅಸ್ತ್ರ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 6. ಒಪ್ಪಿಗೆಯಿಲ್ಲದೆ, ಕಾನೂನು ಕ್ರಮವಿಲ್ಲದೆ ಹೊರಹಾಕಲ್ಪಟ್ಟವನು 6 ತಿಂಗಳೊಳಗೆ ದಾವೆ ಹೂಡಿದರೆ ಸ್ವಾಧೀನ ಮರಳಿ ಪಡೆಯಬಹುದು. ಜಾಗ ಯಾರದು ಎಂಬ ಪ್ರಶ್ನೆಯೇ ಆ ದಾವೆಯಲ್ಲಿ ಏಳುವುದಿಲ್ಲ. ನಿನ್ನೆಯವರೆಗೆ ಅಲ್ಲಿ ಯಾರಿದ್ದರು, ಅವರನ್ನು ಹೇಗೆ ಹೊರಹಾಕಲಾಯಿತು ಎಂಬುದಷ್ಟೇ ಪ್ರಶ್ನೆ. ತೀರ್ಪಿನ ಮೇಲೆ ಮೇಲ್ಮನವಿಗೂ ಅವಕಾಶವಿಲ್ಲ. ಆರು ತಿಂಗಳ ಗಡುವು ಮಾತ್ರ ಬಹಳ ಕಟ್ಟುನಿಟ್ಟು. 'ಊರ ಹಿರಿಯರು ಮಾತಾಡಿ ಸರಿಮಾಡುತ್ತಾರೆ' ಎಂದು ಕಾಯುತ್ತ ಕುಳಿತರೆ ಈ ದಾರಿ ಮುಚ್ಚಿಹೋಗುತ್ತದೆ.

ಅರಣ್ಯಭೂಮಿಯೇ ಹೆಚ್ಚಾಗಿರುವ ಈ ಜಿಲ್ಲೆಯಲ್ಲಿ ಇದಕ್ಕೆ ಬೇರೊಂದು ಮಹತ್ವವೂ ಇದೆ. ಬಾಡಿಗೆಗೆ ಕೊಟ್ಟ ಮನೆಯ ಜಾಗಕ್ಕೆ ಮಾಲೀಕನಲ್ಲೇ ಸರಿಯಾದ ಪಟ್ಟಾ ಇಲ್ಲದ ಸಂದರ್ಭಗಳುಂಟು. ಬಾಡಿಗೆಗೆ ಇರುವವರೆಗೆ 'ನೀನು ಮಾಲೀಕನೇ ಅಲ್ಲ' ಎಂದು ವಾದಿಸಲು ಸಾಕ್ಷ್ಯದ ಕಾನೂನು ಬಾಡಿಗೆದಾರನಿಗೆ ಅವಕಾಶ ಕೊಡುವುದಿಲ್ಲ. ಹಾಗೆಂದು ಆತ ಅಸಹಾಯಕನೂ ಅಲ್ಲ, ಕಲಂ 6ಕ್ಕೆ ಪಟ್ಟಾ ಬೇಕಿಲ್ಲ.

ಇನ್ನೂ ಮನೆಯಲ್ಲೇ ಇದ್ದು, ಹೊರಹಾಕುವ ಬೆದರಿಕೆ ಇರುವಾಗ ತಡೆಯಾಜ್ಞೆ ಕೋರಿ ದಾವೆ ಹೂಡಬಹುದು. ತುರ್ತಾಗಿದ್ದರೆ ದಾವೆಯ ಜೊತೆಯಲ್ಲೇ ತಾತ್ಕಾಲಿಕ ತಡೆಯಾಜ್ಞೆಗೂ ಅರ್ಜಿ ಹಾಕಬಹುದು. ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ನ್ಯಾಯಾಲಯಗಳಿರುವುದರಿಂದ ಕಾರವಾರದವರೆಗೆ ಘಟ್ಟ ಇಳಿಯಬೇಕಾಗಿಲ್ಲ.

ವಿದ್ಯುತ್, ನೀರು, ಸೋರುವ ಸೂರು

ವಿದ್ಯುತ್ತಿನ ಸಂಪರ್ಕ ಮಾಲೀಕನ ಹೆಸರಿನಲ್ಲಿರುವುದೇ ಸಾಮಾನ್ಯ. 2003ರ ವಿದ್ಯುತ್ ಕಾಯ್ದೆಯ ಕಲಂ 43 ಸಂಪರ್ಕ ಕೇಳುವ ಹಕ್ಕನ್ನು ಮಾಲೀಕನಿಗೆ ಮಾತ್ರವಲ್ಲ, ಕಟ್ಟಡದಲ್ಲಿ ವಾಸವಾಗಿರುವವನಿಗೂ ಕೊಟ್ಟಿದೆ. ಮಾಲೀಕ ನಿರಾಕ್ಷೇಪಣಾ ಪತ್ರ ಕೊಡಲಿಲ್ಲವೆಂಬ ಕಾರಣಕ್ಕೆ ಬಾಡಿಗೆದಾರನಿಗೆ ವಿದ್ಯುತ್ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ದಿಲೀಪ್ ವಿರುದ್ಧ ಸತೀಶ್ ಪ್ರಕರಣದಲ್ಲಿ ಹೇಳಿದೆ. ಈ ಭಾಗದಲ್ಲಿ ವಿದ್ಯುತ್ ಪೂರೈಸುವ ಹೆಸ್ಕಾಂ ಕಚೇರಿಗೆ ಅರ್ಜಿ ಕೊಡುವಾಗ ಆದೇಶದ ಪ್ರತಿಯನ್ನು ಲಗತ್ತಿಸುವುದು ಒಳ್ಳೆಯದು, ಕೌಂಟರಿನಲ್ಲಿ ವಾದ ಉಳಿಯುತ್ತದೆ. ಬಿಲ್ ಬಾಕಿಗಾಗಿ ಕಂಪನಿಯೇ ಸಂಪರ್ಕ ಕಡಿತಗೊಳಿಸುವುದಿದ್ದರೂ 15 ದಿನಗಳ ಲಿಖಿತ ನೋಟಿಸು ಕೊಡಬೇಕು.

ಮಲೆನಾಡಿನ ಬಾಡಿಗೆದಾರನಿಗೆ ನಿಜವಾದ ಪರೀಕ್ಷೆ ಜೂನ್ ತಿಂಗಳಲ್ಲಿ. ಸೋರುವ ಮನೆಯಲ್ಲಿ ಮಕ್ಕಳನ್ನು ಮಲಗಿಸಲಾಗದೆ ತಾವಾಗಿಯೇ ಮನೆ ಬಿಡುವವರಿದ್ದಾರೆ, ಮಾಲೀಕನಿಗೆ ಬೇಕಾಗಿರುವುದೂ ಅದೇ. ಸ್ವತ್ತು ವರ್ಗಾವಣೆ ಕಾಯ್ದೆಯ ಕಲಂ 108 ಇಲ್ಲಿ ನೆರವಿಗೆ ಬರುತ್ತದೆ. ತಾನು ಮಾಡಿಸಬೇಕಾದ ದುರಸ್ತಿಯನ್ನು ತಿಳಿಸಿದ ನಂತರವೂ ಮಾಲೀಕ ಸಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರ ಸ್ವತಃ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಮೊದಲು ಲಿಖಿತವಾಗಿ ತಿಳಿಸಬೇಕು, ಸೋರುವ ಜಾಗದ ಫೋಟೊ ಇರಬೇಕು, ಕೂಲಿ ಮತ್ತು ಸಾಮಗ್ರಿಯ ಬಿಲ್ಲು ಇರಬೇಕು. ಇದಾವುದೂ ಇಲ್ಲದೆ ಸುಮ್ಮನೆ ಬಾಡಿಗೆ ನಿಲ್ಲಿಸುವುದು ಮಾಲೀಕನ ಕೈಗೆ ಕೋಲು ಕೊಟ್ಟಂತೆ. ಬಾಡಿಗೆ ಕೊಡುತ್ತಿರುವವನು ಅಡಚಣೆಯಿಲ್ಲದೆ ಮನೆ ಅನುಭವಿಸಬಹುದು ಎಂಬ ಭರವಸೆಯನ್ನೂ ಇದೇ ಕಲಂ ಮಾಲೀಕನ ತಲೆಯ ಮೇಲೆ ಹೊರಿಸಿದೆ.

ಬಾಡಿಗೆಯನ್ನೇ ಮುಟ್ಟದ ಮಾಲೀಕನ ವಿಷಯದಲ್ಲಿ ಹಣ ಕಳುಹಿಸಿದ ದಾಖಲೆಯೇ ಮುಖ್ಯ. ಆತನ ಬ್ಯಾಂಕ್ ಖಾತೆಗೆ ಅಥವಾ ಮೊಬೈಲ್ ಪಾವತಿಯ ಮೂಲಕ ಪ್ರತಿ ತಿಂಗಳೂ ಒಂದೇ ದಿನಾಂಕದ ಆಸುಪಾಸಿನಲ್ಲಿ ಜಮಾ ಮಾಡಬೇಕು. ಖಾತೆ ಗೊತ್ತಿಲ್ಲದಿದ್ದರೆ ಮನಿಯಾರ್ಡರ್ ಕಳುಹಿಸಬಹುದು, ತಿರಸ್ಕೃತವಾಗಿ ಬಂದರೆ ಅದೂ ಸಾಕ್ಷ್ಯವೇ. ಪತ್ರವನ್ನು ಅಂಚೆಯಲ್ಲಿ ಕಳುಹಿಸುವವರು ಗಮನಿಸಬೇಕಾದ ಅಂಶವೊಂದಿದೆ. ನೋಂದಾಯಿತ ಅಂಚೆಯನ್ನು 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟಿನಲ್ಲಿ ವಿಲೀನಗೊಳಿಸಲಾಗಿದೆ. ತಲುಪಿದ ದಾಖಲೆ ಬೇಕೆಂದು ಕೇಳಿಯೇ ಪತ್ರ ಕೊಡಬೇಕು.

ಪೊಲೀಸರ ಪಾತ್ರ

'ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ' ಎಂಬ ಮಾತನ್ನು ಠಾಣೆಯಲ್ಲಿ ಕೇಳದ ಬಾಡಿಗೆದಾರರು ಕಡಿಮೆ. ಬಾಡಿಗೆ ಬಾಕಿಯೋ ಕರಾರಿನ ಅವಧಿಯೋ ಸಿವಿಲ್ ವಿಷಯ ಹೌದು. ಅದೇ ಕಾರಣಕ್ಕೆ ಮಾಲೀಕನ ಪರವಾಗಿ ಮನೆ ಖಾಲಿ ಮಾಡಿಸುವ ಅಧಿಕಾರವೂ ಪೊಲೀಸರಿಗಿಲ್ಲ ಎಂಬುದನ್ನು ಗಮನಿಸಬೇಕು. ಆದರೆ ವಾಸದ ಮನೆಯೊಳಗೆ ಬೆದರಿಸಲೆಂದು ನುಗ್ಗುವುದು, ದಾರಿಗೆ ಅಡ್ಡ ನಿಲ್ಲುವುದು, ಜೀವಬೆದರಿಕೆ ಹಾಕುವುದು, ಸಾಮಾನು ಹೊರಗೆಸೆದು ಹಾಳುಮಾಡುವುದು ಅಪರಾಧಗಳೇ. ಗೃಹ ಅತಿಕ್ರಮ ಪ್ರವೇಶದ ವಿಷಯದಲ್ಲಿ ಕಾನೂನು ನೋಡುವುದು ಸ್ವಾಧೀನವನ್ನು, ಮಾಲೀಕತ್ವವನ್ನಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅತಿಕ್ರಮ ಪ್ರವೇಶಕ್ಕೆ ಕಲಂ 329, ಅಕ್ರಮ ತಡೆಗೆ 126, ಬೆದರಿಕೆಗೆ 351, ಹಾನಿಗೆ 324 ಅನ್ವಯಿಸುತ್ತವೆ. ಠಾಣೆಯಲ್ಲಿ ದೂರು ದಾಖಲಿಸದಿದ್ದರೆ ಅದನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತವಾಗಿ ಕಳುಹಿಸಬಹುದು. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅವಕಾಶ ಕೊಟ್ಟಿದೆ. ಘಟನೆ ನಡೆಯುತ್ತಿರುವಾಗಲೇ 112ಕ್ಕೆ ಕರೆ ಮಾಡಿದರೆ ಕರೆಯ ದಾಖಲೆಯೂ ಉಳಿಯುತ್ತದೆ.

ತೋಟದ ಮನೆಯ ಪ್ರಶ್ನೆ

ಪೇಟೆಯ ಬಾಡಿಗೆ ಮನೆಗಿಂತ ಸೂಕ್ಷ್ಮವಾದದ್ದು ಒಡೆಯರ ಜಮೀನಿನಲ್ಲೇ ಮನೆ ಮಾಡಿಕೊಂಡಿರುವ ಕೃಷಿ ಕಾರ್ಮಿಕರ ಸ್ಥಿತಿ. ಬಾಡಿಗೆಯಿಲ್ಲ, ಕರಾರಿಲ್ಲ, ಕೆಲಸ ಬಿಟ್ಟರೆ ಮನೆಯೂ ಬಿಡಬೇಕು ಎಂಬುದು ಅಲಿಖಿತ ನಿಯಮ. ಒಡೆಯ ಮತ್ತು ಗೇಣಿದಾರನ ನಡುವಿನ ಹಗ್ಗಜಗ್ಗಾಟ ಈ ಸೀಮೆಗೆ ಹೊಸದಲ್ಲ. ಕರಾವಳಿಯ ಅಂಕೋಲೆಯ ಕಡೆ ದಿನಕರ ದೇಸಾಯಿಯವರು ರೈತಕೂಟ ಕಟ್ಟಿ ಗೇಣಿದಾರರನ್ನು ಸಂಘಟಿಸಿದರು, ಬ್ರಿಟಿಷ್ ಸರಕಾರ ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಿತು. ಸಿದ್ದಾಪುರದ ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹಕ್ಕೆ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೇ ಕಿಡಿಯಾಯಿತು. ಎಚ್. ಗಣಪತಿಯಪ್ಪ ಮುಂಚೂಣಿಯಲ್ಲಿದ್ದ ಆ ಹೋರಾಟಕ್ಕೆ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ದೇವರಾಜ ಅರಸು ಸರಕಾರದ ಕಾಲದಲ್ಲಿ ಭೂಸುಧಾರಣಾ ಕಾಯ್ದೆಗೆ ಆದ ತಿದ್ದುಪಡಿಯಂತೆ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರಕಾರಕ್ಕೆ ಸೇರಿ, ಗೇಣಿದಾರರು ನಮೂನೆ 7ರಲ್ಲಿ ಭೂನ್ಯಾಯ ಮಂಡಳಿಗೆ ಅರ್ಜಿ ಹಾಕುವಂತಾಯಿತು. ಅರ್ಜಿಗೆ ಕೊನೆಯ ದಿನ 1979ರ ಜೂನ್ 30.

ಅದೇ ಕಾಯ್ದೆಯ ಕಲಂ 38 ಹೆಚ್ಚು ಜನರಿಗೆ ತಿಳಿದಿಲ್ಲ. ತನ್ನದಲ್ಲದ ಜಮೀನಿನಲ್ಲಿ ಮನೆ ಮಾಡಿಕೊಂಡಿರುವ ಕೃಷಿ ಕಾರ್ಮಿಕನನ್ನೇ ಆ ಮನೆ ಮತ್ತು ನಿವೇಶನದ ಮಾಲೀಕನೆಂದು ನೋಂದಾಯಿಸುವ ಉದ್ದೇಶ ಅದರದು. ದಾಖಲೆಯಿಲ್ಲದ ಜನವಸತಿಗಳಿಗಾಗಿ ಕಲಂ 38-ಎ ಆಮೇಲೆ ಸೇರಿತು. 'ವಾಸಿಸುವವನೇ ಮನೆಯೊಡೆಯ' ಎಂಬ ಘೋಷಣೆಯೊಂದಿಗೆ ತಾಂಡಾ, ಹಟ್ಟಿ, ಹಾಡಿಗಳಿಗೆ ಹಕ್ಕುಪತ್ರ ಕೊಡುತ್ತಿರುವುದು ಅದರಡಿಯಲ್ಲೇ. ಇಂಥ ಮನೆಯಲ್ಲಿರುವವರು ಒಡೆಯನ ಮಾತಿಗೆ ಹೆದರಿ ಬರಿದೇ ಹೊರಡುವ ಮುನ್ನ ತಹಶೀಲ್ದಾರ ಕಚೇರಿಯಲ್ಲಿ, ಇಲ್ಲವೇ ಶಿರಸಿಯ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ತಮ್ಮ ಅರ್ಜಿಗೆ ಈಗ ಅವಕಾಶವಿದೆಯೇ ಎಂದು ಲಿಖಿತವಾಗಿ ವಿಚಾರಿಸಬೇಕು. ಮೂರೂ ತಾಲ್ಲೂಕುಗಳು ಇದೇ ಉಪವಿಭಾಗಕ್ಕೆ ಸೇರಿವೆ. ಪಡಿತರ ಚೀಟಿ, ಮತದಾರರ ಪಟ್ಟಿ, ಮಕ್ಕಳ ಶಾಲಾ ದಾಖಲೆ, ವಿದ್ಯುತ್ ಬಿಲ್ಲುಗಳಲ್ಲಿರುವ ವಿಳಾಸ ವಾಸಕ್ಕೆ ಪುರಾವೆಯಾಗುತ್ತದೆ.

ಮುಂಗಡ ಹಣ ಮತ್ತು ಉಚಿತ ನೆರವು

ಮನೆ ಬಿಟ್ಟ ಮೇಲೆ ಮುಂಗಡ ಹಣ ಕೊಡದೆ ಅಲೆದಾಡಿಸುವುದು ಕಿರುಕುಳದ ಕೊನೆಯ ಕಂತು. ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ 2 ತಿಂಗಳ ಬಾಡಿಗೆಯಷ್ಟೇ ಮುಂಗಡ ಎಂಬ ಮಿತಿಯಿದೆ. ಅದು ಮಾದರಿ ಮಾತ್ರ, ರಾಜ್ಯ ಶಾಸನವಾಗಿ ಒಪ್ಪಿಕೊಳ್ಳದ ಹೊರತು ತಾನಾಗಿ ಅನ್ವಯವಾಗುವುದಿಲ್ಲ. ಕೀಲಿ ಒಪ್ಪಿಸುವ ದಿನ ಗೋಡೆ, ನಲ್ಲಿ, ಮೀಟರುಗಳ ಫೋಟೊ ತೆಗೆದು, ಕೀಲಿ ಪಡೆದುದಕ್ಕೆ ಸಹಿ ಹಾಕಿಸಿಕೊಳ್ಳಬೇಕು. ಹಣ ಬರದಿದ್ದರೆ 3 ವರ್ಷದೊಳಗೆ ವಸೂಲಿ ದಾವೆ ಹೂಡಬಹುದು.

ವಕೀಲರ ಶುಲ್ಕಕ್ಕೆ ಹೆದರುವವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ, ಅವು ಆಯಾ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲೇ ಕೆಲಸ ಮಾಡುತ್ತವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ದೊರೆಯುತ್ತದೆ. ಇತರರಿಗೆ ನಿಗದಿತ ಆದಾಯ ಮಿತಿಯುಂಟು. ಉಚಿತ ಸಹಾಯವಾಣಿಯ ಸಂಖ್ಯೆ 15100.