ತಂಡದ ವೈವಿಧ್ಯ ಮತ್ತು ಕೆಲಸದ ಫಲ: ಒಂದು ಅಧ್ಯಯನಶಾಖೆಯ ಇತಿಹಾಸ

ಒಂದೇ ಊರು, ಒಂದೇ ಓದು, ಒಂದೇ ವಯಸ್ಸಿನವರು ಕೂಡಿ ದುಡಿದರೆ ಕೆಲಸ ಚೆನ್ನಾಗಿ ಸಾಗುತ್ತದೆಯೋ, ಬೇರೆ ಬೇರೆ ಹಿನ್ನೆಲೆಯವರು ಕೂಡಿದರೋ? ಎರಡನೇ ಮಹಾಯುದ್ಧದ ಕಾಲದಿಂದ ಮನೋವಿಜ್ಞಾನಿಗಳು, ಸಮಾಜಶಾಸ್ತ್ರಜ್ಞರು, ಆಡಳಿತಶಾಸ್ತ್ರದವರು, ಈಚೆಗೆ ಅರ್ಥಶಾಸ್ತ್ರಜ್ಞರು ಈ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಸಂಶೋಧನೆಯ ಬಹುಪಾಲು ನಡೆದದ್ದು ಅಮೆರಿಕದಲ್ಲಿ. ಹಾಗಾಗಿ ಅದರ ಮೊದಲ ದಶಕಗಳ ಮೇಲೆ ಆ ದೇಶದ ವರ್ಣಭೇದದ ನೆರಳು ದಟ್ಟವಾಗಿದೆ. ವೈವಿಧ್ಯ ಲಾಭವೋ ನಷ್ಟವೋ ಎಂದು ಕೇಳಿದವರಿಗೆ ಈ ಶಾಸ್ತ್ರ ಇಂದಿಗೂ ಒಂದು ಮಾತಿನ ಉತ್ತರ ಕೊಟ್ಟಿಲ್ಲ. ಭೇದ ಯಾವ ಬಗೆಯದು, ಕೆಲಸ ಯಾವ ಬಗೆಯದು, ಕೂಲಿ ಯಾವ ಲೆಕ್ಕದ್ದು ಎಂದು ಮರುಪ್ರಶ್ನೆ ಹಾಕುವುದನ್ನು ಅದು ನಿಧಾನವಾಗಿ ಕಲಿಯಿತು.

ಯುದ್ಧಭೂಮಿಯಿಂದ ಆರಂಭ

1944ರ ಡಿಸೆಂಬರಿನಲ್ಲಿ ಆರ್ಡೆನ್ ಕಾಡಿನ ಕಡೆಯಿಂದ ಜರ್ಮನ್ ಸೇನೆ ಮೇಲೆರಗಿದಾಗ ಅಮೆರಿಕದ ಕಾಲ್ದಳಕ್ಕೆ ಜನ ಸಾಲದೆ ಹೋಯಿತು. ಅಲ್ಲಿಯವರೆಗೆ ಕಪ್ಪುವರ್ಣದ ಸೈನಿಕರಿಗೆ ಬೇರೆಯೇ ದಳಗಳಿದ್ದವು. ಅವರಲ್ಲಿ ಹೆಚ್ಚಿನವರನ್ನು ಸರಕು ಸಾಗಣೆ, ರಸ್ತೆ ಕೆಲಸಗಳಿಗೆ ಹಾಕಲಾಗುತ್ತಿತ್ತು. ಈಗ ಅವರೊಳಗಿನಿಂದ ಸ್ವಯಂಸೇವಕರನ್ನು ಕರೆದು ಪ್ಲಟೂನ್‌ಗಳನ್ನು ಕಟ್ಟಿ, ಬಿಳಿಯರ ಕಂಪನಿಗಳಿಗೆ ಜೋಡಿಸಲಾಯಿತು. ಸಾರ್ಜೆಂಟ್ ದರ್ಜೆ ಬಿಟ್ಟುಕೊಟ್ಟು ಸಾದಾ ಸಿಪಾಯಿಗಳಾಗಿ ಬಂದವರೂ ಇದ್ದರು. ಬಿಳಿಯರ ಮೇಲೆ ಕಪ್ಪುವರ್ಣದವರ ಅಧಿಕಾರ ನಡೆಯಬಾರದೆಂಬುದು ಸೇನೆಯ ಒಳ ಲೆಕ್ಕಾಚಾರವಾಗಿತ್ತು.

ಯೂರೋಪಿನ ಯುದ್ಧ ಮುಗಿಯುವ ಹೊತ್ತಿಗೆ ಸೇನೆಯ ಸಂಶೋಧನಾ ಶಾಖೆ ಈ ಕಂಪನಿಗಳ ಬಿಳಿಯ ಅಧಿಕಾರಿಗಳನ್ನೂ ಸಾರ್ಜೆಂಟರನ್ನೂ ಮಾತಾಡಿಸಿತು. ಹೊಸ ಪ್ಲಟೂನ್‌ಗಳು ಬಹಳ ಚೆನ್ನಾಗಿ ಕಾದಿದವು ಎಂದವರು ಎರಡೂ ಗುಂಪುಗಳಲ್ಲಿ ಶೇ. 80ಕ್ಕಿಂತ ಹೆಚ್ಚು. ಇಂಥ ಏರ್ಪಾಡು ತಮ್ಮ ದಳದಲ್ಲಿ ಬಂದರೆ ಹೇಗೆ ಎಂಬ ಪ್ರಶ್ನೆಗೆ, ಅದನ್ನು ಕಣ್ಣಾರೆ ಕಾಣದ ಬಿಳಿಯ ಸೈನಿಕರಲ್ಲಿ ಶೇ. 62 ಮಂದಿ ಸುತರಾಂ ಬೇಡ ಎಂದರು; ಅದೇ ಕಂಪನಿಯಲ್ಲಿದ್ದು ಜೊತೆಗೆ ಹೋರಾಡಿದವರಲ್ಲಿ ಹಾಗೆಂದವರು ಶೇ. 7 ಮಾತ್ರ. ಸ್ಯಾಮ್ಯುಯೆಲ್ ಸ್ಟೌಫರ್ ಮತ್ತು ಸಂಗಡಿಗರು 1949ರಲ್ಲಿ ಪ್ರಕಟಿಸಿದ ‘ದಿ ಅಮೆರಿಕನ್ ಸೋಲ್ಜರ್’ ಈ ಅಂಕಿಗಳನ್ನು ವಿದ್ವತ್ಲೋಕಕ್ಕೆ ತಲುಪಿಸಿತು. ಬಂದವರೆಲ್ಲ ಸ್ವಯಂಸೇವಕರು, ಸೋಲುವ ಶತ್ರು ಎದುರಿಗಿದ್ದ, ಇದ್ದದ್ದು ಕೆಲವೇ ತಿಂಗಳು ಎಂಬುದನ್ನು ಮರೆಯುವಂತಿಲ್ಲ. ಆದರೂ ‘ಬೆರೆಸಿದರೆ ದಳ ಒಡೆಯುತ್ತದೆ’ ಎಂಬ ಸೇನಾಧಿಕಾರಿಗಳ ಹಳೆಯ ವಾದಕ್ಕೆ ಮೊದಲ ಬಾರಿ ಅಂಕಿಗಳಲ್ಲಿ ಎದುರುತ್ತರ ಸಿಕ್ಕಿತು. ಸೇನೆಯಲ್ಲಿ ಸಮಾನ ಅವಕಾಶ ಘೋಷಿಸಿದ ಅಧ್ಯಕ್ಷ ಟ್ರೂಮನ್ ಅವರ ಆದೇಶ 1948ರ ಜುಲೈ 26ರದು. ಅದು ದಳಗಳ ಮಟ್ಟದಲ್ಲಿ ನಿಜವಾಗಿ ಜಾರಿಗೆ ಬಂದದ್ದು ಕೊರಿಯಾ ಯುದ್ಧದ ಒತ್ತಡದಲ್ಲಿ.

ಪ್ರಯೋಗಶಾಲೆಯ ಎರಡು ದಾರಿ

ಮುಂದೆ ವಿಚಾರ ಎರಡಾಗಿ ಕವಲೊಡೆಯಿತು. ಮಿಶಿಗನ್ ವಿಶ್ವವಿದ್ಯಾಲಯದ ರಿಚರ್ಡ್ ಹಾಫ್‌ಮನ್ ಮತ್ತು ನಾರ್ಮನ್ ಮೇಯರ್ ವಿದ್ಯಾರ್ಥಿಗಳನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿ ಸಮಸ್ಯೆಗಳನ್ನು ಬಿಡಿಸಲು ಕೊಟ್ಟರು. 1961ರಲ್ಲಿ ಅವರು ಪ್ರಕಟಿಸಿದಂತೆ, ಭಿನ್ನ ಸ್ವಭಾವದವರಿದ್ದ ಗುಂಪುಗಳ ಪರಿಹಾರಗಳೇ ಹೆಚ್ಚಾಗಿ ಗುಣಮಟ್ಟದಲ್ಲಿ ಮೇಲಾಗಿದ್ದವು. ಅಲ್ಲಿ ಅಳೆದದ್ದು ಸ್ವಭಾವದ ಭೇದವನ್ನು, ವರ್ಣ ಭಾಷೆಗಳ ಭೇದವನ್ನಲ್ಲ. ನಂತರದ ಪ್ರಚಾರಕರು ಈ ವ್ಯತ್ಯಾಸವನ್ನು ಅನುಕೂಲಕ್ಕೆ ತಕ್ಕಂತೆ ಮರೆತರು.

ಇನ್ನೊಂದು ದಾರಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ತೆರೆಯಿತು. ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ, ನಾಜಿಗಳ ಕಾಲದಲ್ಲಿ ಯುದ್ಧಕೈದಿಯಾಗಿ ಉಳಿದುಬಂದ ಹೆನ್ರಿ ತಾಜ್‌ಫೆಲ್ 14–15 ವರ್ಷದ ಶಾಲಾ ಹುಡುಗರಿಗೆ ಪರದೆಯ ಮೇಲೆ ಚುಕ್ಕಿಗಳನ್ನು ತೋರಿಸಿ ಎಷ್ಟೆಂದು ಅಂದಾಜಿಸಲು ಹೇಳಿದರು. ಆಮೇಲೆ, ‘ನೀನು ಹೆಚ್ಚು ಅಂದಾಜಿಸುವವರ ಪೈಕಿ’, ‘ನೀನು ಕಡಿಮೆಯವರ ಪೈಕಿ’ ಎಂದು ಅವರನ್ನು ಎರಡು ಮಾಡಿದರು. ವಾಸ್ತವದಲ್ಲಿ ಆ ವಿಂಗಡಣೆಗೆ ಯಾವ ಆಧಾರವೂ ಇರಲಿಲ್ಲ. ಹೆಸರು ಗೊತ್ತಿಲ್ಲದ ಇತರ ಹುಡುಗರಿಗೆ ಸಣ್ಣ ಮೊತ್ತದ ದುಡ್ಡು ಹಂಚಲು ಹೇಳಿದಾಗ ಅವರು ತಮ್ಮ ಪಂಗಡದವರ ಕಡೆ ವಾಲಿದರು. ತಮ್ಮವರಿಗೆ ಸ್ವಲ್ಪ ಕಡಿಮೆ ಬಂದರೂ ಸರಿ, ಎದುರು ಪಂಗಡಕ್ಕಿಂತ ಅಂತರ ದೊಡ್ಡದಿರಲಿ ಎಂಬ ಆಯ್ಕೆಯೂ ಕಂಡುಬಂತು. ಚುಕ್ಕಿ ಎಣಿಸುವಷ್ಟು ಕ್ಷುಲ್ಲಕ ನೆಪಕ್ಕೇ ‘ನಾವು–ಅವರು’ ಹುಟ್ಟುವುದಾದರೆ, ಶತಮಾನಗಳ ಜಗಳ ಹೊತ್ತು ಬಂದವರನ್ನು ಒಂದೇ ಮೇಜಿನ ಸುತ್ತ ಕೂರಿಸಿದಾಗ ಏನಾದೀತು? 1970ರ ದಶಕದ ಈ ಪ್ರಯೋಗಗಳು ಎತ್ತಿದ ಅನುಮಾನ ಇದು. ಒಂದು ಕಡೆ ಭೇದದಿಂದ ತಿಳಿವಳಿಕೆ ಹೆಚ್ಚುತ್ತದೆ, ಇನ್ನೊಂದು ಕಡೆ ಅದರಿಂದಲೇ ಬಿರುಕು ಬೀಳುತ್ತದೆ: ಆಮೇಲಿನ ಸಂಶೋಧನೆಯೆಲ್ಲ ಈ ಎರಡರ ನಡುವಿನ ಹಗ್ಗಜಗ್ಗಾಟ.

ಒಂದು ಪದದ ಎಡವಟ್ಟು

1987ರಲ್ಲಿ ಅಮೆರಿಕದ ಹಡ್ಸನ್ ಇನ್‌ಸ್ಟಿಟ್ಯೂಟ್ ಸಿದ್ಧಪಡಿಸಿದ ‘ವರ್ಕ್‌ಫೋರ್ಸ್ 2000’ ವರದಿ ಕಂಪನಿಗಳನ್ನು ಬೆಚ್ಚಿಬೀಳಿಸಿತು. ಮುಂದಿನ 13 ವರ್ಷಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವವರಲ್ಲಿ ಅಮೆರಿಕದಲ್ಲೇ ಹುಟ್ಟಿದ ಬಿಳಿಯ ಗಂಡಸರು ಶೇ. 15 ಮಾತ್ರ ಎಂದು ಅದರ ಸಾರಾಂಶದಲ್ಲಿ ಅಚ್ಚಾಗಿತ್ತು. ಅದು ನಿವೃತ್ತರಾಗುವವರನ್ನು ಕಳೆದ ಮೇಲಿನ ನಿವ್ವಳ ಲೆಕ್ಕ. ‘ನಿವ್ವಳ’ ಎಂಬ ಒಂದು ಪದ ಬಿಟ್ಟುಹೋಗಿತ್ತು. ತಪ್ಪು ಗೊತ್ತಾಗುವಷ್ಟರಲ್ಲಿ ಅಂಕಿ ಊರೆಲ್ಲ ಸುತ್ತಿತ್ತು. ವೈವಿಧ್ಯ ನಿರ್ವಹಣೆ ಎಂಬ ಸಲಹಾ ವ್ಯಾಪಾರಕ್ಕೆ ದೊರೆತ ಮೊದಲ ಬಂಡವಾಳದಲ್ಲಿ ಈ ಅಚ್ಚಿನ ದೋಷಕ್ಕೂ ಪಾಲಿದೆ ಎಂದರೆ ಉತ್ಪ್ರೇಕ್ಷೆಯಲ್ಲ. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಕಾಲದಲ್ಲಿ ನ್ಯಾಯದ ಪ್ರಶ್ನೆಯಾಗಿದ್ದದ್ದು 1990ರ ಹೊತ್ತಿಗೆ ಲಾಭದ ಪ್ರಶ್ನೆಯಾಗಿ ತಿರುಗಿತ್ತು.

ಲಾಭ ಮಾತ್ರ ಅಷ್ಟು ಸುಲಭವಾಗಿ ಕಾಣಲಿಲ್ಲ. ಡೆಬೊರಾ ಆಂಕೋನಾ ಮತ್ತು ಡೇವಿಡ್ ಕಾಲ್ಡ್‌ವೆಲ್ ಹೊಸ ಉತ್ಪನ್ನ ರೂಪಿಸುವ 45 ತಂಡಗಳನ್ನು ಪರಿಶೀಲಿಸಿ 1992ರಲ್ಲಿ ಬರೆದದ್ದು ಹೀಗೆ: ಬೇರೆ ಬೇರೆ ವಿಭಾಗದವರಿದ್ದ ತಂಡಗಳಿಗೆ ಹೊರಗಿನ ಸಂಪರ್ಕ ಹೆಚ್ಚು, ಆದರೆ ಒಟ್ಟು ಫಲಿತಾಂಶದ ಮೇಲೆ ಆ ಭೇದದ ನೇರ ಪರಿಣಾಮ ಪ್ರತಿಕೂಲವೇ. ಮರುವರ್ಷ ವಾರೆನ್ ವಾಟ್ಸನ್ ಮತ್ತು ಸಹೋದ್ಯೋಗಿಗಳು ವಿದ್ಯಾರ್ಥಿ ತಂಡಗಳನ್ನು 17 ವಾರ ಹಿಂಬಾಲಿಸಿದರು. ಆರಂಭದಲ್ಲಿ ಒಂದೇ ಸಂಸ್ಕೃತಿಯವರ ತಂಡಗಳು ಮುಂದಿದ್ದವು. ಕೊನೆಗೆ ಅಂತರ ಅಳಿಸಿಹೋಗಿ, ಪರ್ಯಾಯಗಳನ್ನು ಹುಡುಕುವುದರಲ್ಲಿ ಮಿಶ್ರ ತಂಡಗಳೇ ಮುಂದಾದವು. ಒಂದೆರಡು ತಾಸಿನ ಪ್ರಯೋಗ ಮಾಡಿ ತೀರ್ಪು ಕೊಡುತ್ತಿದ್ದವರಿಗೆ ಇದು ಒಳ್ಳೆಯ ಪಾಠವಾಗಬೇಕಿತ್ತು.

ಬಿರುಕುಗಳ ಲೆಕ್ಕ

1998ರಲ್ಲಿ ಕ್ಯಾಥರಿನ್ ವಿಲಿಯಮ್ಸ್ ಮತ್ತು ಚಾರ್ಲ್ಸ್ ಓ’ರೈಲಿ ನಲವತ್ತು ವರ್ಷಗಳ ಸಂಶೋಧನೆಯನ್ನು ಜಾಲಾಡಿದರು. ಬೆರೆಸಿದ ಮಾತ್ರಕ್ಕೆ ಒಳಿತಾಗುತ್ತದೆಂಬ ಆಶಾವಾದಕ್ಕೆ ಆಧಾರವಿಲ್ಲ ಎಂಬುದು ಅವರ ತೀರ್ಮಾನ. ಅದೇ ವರ್ಷ ಡೋರಾ ಲಾವ್ ಮತ್ತು ಕೀತ್ ಮರ್ನಿಘನ್ ಭೂವಿಜ್ಞಾನದಿಂದ ‘ಬಿರುಕುರೇಖೆ’ಯ ಕಲ್ಪನೆಯನ್ನು ತಂದರು. ಆರು ಜನರ ತಂಡದಲ್ಲಿ ಮೂವರು ಐವತ್ತು ದಾಟಿದ ಗಂಡಸರು, ಮೂವರೂ ಎಂಜಿನಿಯರರು; ಉಳಿದ ಮೂವರು ಇಪ್ಪತ್ತೈದರ ಹೆಣ್ಣುಮಕ್ಕಳು, ಮೂವರೂ ಲೆಕ್ಕಪತ್ರ ವಿಭಾಗದವರು. ಇಲ್ಲಿ ವಯಸ್ಸು, ಲಿಂಗ, ವೃತ್ತಿ ಮೂರೂ ಒಂದೇ ಗೆರೆಯಲ್ಲಿ ಬಿರಿದಿವೆ. ಹಿರಿಯ ಎಂಜಿನಿಯರ್ ಒಬ್ಬರು ಹೆಂಗಸಾಗಿ, ಲೆಕ್ಕಪತ್ರದವರಲ್ಲಿ ಒಬ್ಬ ಹಿರಿಯ ಗಂಡಸಿದ್ದರೆ ಗೆರೆಗಳು ಒಂದನ್ನೊಂದು ಅಡ್ಡ ಹಾಯುತ್ತವೆ, ತಂಡ ಎರಡು ಪಾಲಾಗುವ ಅಪಾಯ ಇಳಿಯುತ್ತದೆ. ತಲೆ ಎಣಿಸಿ ವೈವಿಧ್ಯದ ಶೇಕಡಾವಾರು ತೆಗೆಯುವ ಪದ್ಧತಿಗಿಂತ ಇದು ಎಷ್ಟೋ ಸೂಕ್ಷ್ಮ. 2007ರಲ್ಲಿ ಡೇವಿಡ್ ಹ್ಯಾರಿಸನ್ ಮತ್ತು ಕ್ಯಾಥರಿನ್ ಕ್ಲೈನ್ ಅಭಿಪ್ರಾಯಗಳ ದೂರ, ತಿಳಿವಳಿಕೆಯ ವಿವಿಧತೆ, ಸಂಬಳ–ಅಧಿಕಾರಗಳ ಏರುಪೇರು ಮೂರನ್ನೂ ಒಂದೇ ಹೆಸರಿನಲ್ಲಿ ಕರೆದದ್ದೇ ಗೊಂದಲದ ಮೂಲ ಎಂದು ತೋರಿಸಿದರು.

ಕ್ಯಾಥರಿನ್ ಫಿಲಿಪ್ಸ್ ಮತ್ತು ಸಹೋದ್ಯೋಗಿಗಳ 2009ರ ಪ್ರಯೋಗ ಇನ್ನೊಂದು ಮಗ್ಗುಲನ್ನು ತೆರೆಯಿತು. ಒಂದೇ ವಿದ್ಯಾರ್ಥಿ ಸಂಘದ ಮೂವರು ಕೂಡಿ ಕೊಲೆ ಪ್ರಕರಣವೊಂದನ್ನು ಬಿಡಿಸುತ್ತಿರುವಾಗ ನಾಲ್ಕನೆಯವರೊಬ್ಬರು ಬಂದು ಸೇರುತ್ತಾರೆ. ಬಂದವರು ಅದೇ ಸಂಘದವರಾದರೆ ಸರಿಯುತ್ತರ ಮುಟ್ಟಿದ ಗುಂಪುಗಳು ಶೇ. 29, ಬೇರೆ ಸಂಘದವರಾದರೆ ಶೇ. 60. ಸರಿಯುತ್ತರ ಕಂಡುಕೊಂಡ ಈ ಮಿಶ್ರ ಗುಂಪಿನವರಿಗೇ ತಮ್ಮ ಚರ್ಚೆ ಚೆನ್ನಾಗಿ ನಡೆಯಲಿಲ್ಲ ಅನ್ನಿಸಿತ್ತು, ಉತ್ತರದ ಮೇಲೆ ಭರವಸೆಯೂ ಕಡಿಮೆಯಿತ್ತು. ಮೀಟಿಂಗ್ ಹಿತವಾಗಿತ್ತೆಂಬುದು ಕೆಲಸ ಆಯಿತೆಂಬುದಕ್ಕೆ ಸಾಕ್ಷಿಯಲ್ಲ.

ಆಡಳಿತ ಮಂಡಳಿಗಳ ವಿವಾದವನ್ನು ಇಲ್ಲಿ ಸೂಚಿಸಿದರೆ ಸಾಕು. ಮಂಡಳಿಯಲ್ಲಿ ಶೇ. 40 ಮಹಿಳೆಯರಿರಬೇಕೆಂದು ನಾರ್ವೆ 2003ರಲ್ಲಿ ಕಾನೂನು ಮಾಡಿತು; ಭಾರತದ 2013ರ ಕಂಪನಿ ಕಾಯ್ದೆ ಷೇರುಪೇಟೆಯ ಪಟ್ಟಿಯಲ್ಲಿರುವ ಕಂಪನಿಗಳಿಗೆ ಕನಿಷ್ಠ ಒಬ್ಬ ಮಹಿಳಾ ನಿರ್ದೇಶಕಿಯನ್ನು ಕಡ್ಡಾಯ ಮಾಡಿತು. ವೈವಿಧ್ಯವುಳ್ಳ ಕಂಪನಿಗಳಿಗೆ ಲಾಭ ಹೆಚ್ಚು ಎಂದು ಸಲಹಾ ಸಂಸ್ಥೆ ಮೆಕಿನ್ಸಿ 2015ರಿಂದ ಪ್ರಕಟಿಸಿದ ವರದಿಗಳು ಎಲ್ಲ ಕಡೆ ಉಲ್ಲೇಖಗೊಂಡವು. ಜೆರೆಮಿಯಾ ಗ್ರೀನ್ ಮತ್ತು ಜಾನ್ ಹ್ಯಾಂಡ್ ಅಮೆರಿಕದ ದೊಡ್ಡ ಕಂಪನಿಗಳ ಅಂಕಿಗಳಲ್ಲಿ ಅದನ್ನು ಪರೀಕ್ಷಿಸಿದಾಗ ಅಂಥ ಸಂಬಂಧ ಸಿಗಲಿಲ್ಲ.

ಹೂವಿನ ಶೆಡ್, ಕ್ರಿಕೆಟ್ ಮೈದಾನ

ಈ ಶತಮಾನದ ಬೆಲೆಬಾಳುವ ಪುರಾವೆ ಬಂದದ್ದು ಅಮೆರಿಕದ ಹೊರಗಿನಿಂದ. ಯೊನಾಸ್ ಹ್ಯೋರ್ಟ್ ಕೀನ್ಯಾದ ಹೂ ರಫ್ತು ಮಾಡುವ ಘಟಕವೊಂದರ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಬಂಧ ಪ್ರಕಟಿಸಿದರು. ಅಲ್ಲಿ ಮೂವರ ತಂಡ: ಒಬ್ಬರು ಹೂ ಪೂರೈಸುವುದು, ಇಬ್ಬರು ಗೊಂಚಲು ಕಟ್ಟುವುದು. ಯಾರು ಯಾರ ಜೊತೆ ಎಂಬುದು ಸರದಿಯ ಮೇಲೆ ಬದಲಾಗುತ್ತಿತ್ತು. ಹೂ ಕೊಡುವವರು ತಮ್ಮ ಬುಡಕಟ್ಟಿನವರಲ್ಲದವರಿಗೆ ಕಡಿಮೆ ಕೊಡುತ್ತಿದ್ದರು. ಕಟ್ಟುವ ಇಬ್ಬರಲ್ಲಿ ಒಬ್ಬರು ತಮ್ಮವರಾದರೆ ಆ ಕಡೆಗೆ ಹೆಚ್ಚು ಸರಿಸುತ್ತಿದ್ದರು. ತಮ್ಮ ಕೂಲಿಗೇ ಕತ್ತರಿ ಬಿದ್ದರೂ ಇದು ನಿಲ್ಲಲಿಲ್ಲ. 2007ರ ಕೊನೆಯ ಚುನಾವಣೆಯ ನಂತರ ಕಿಕುಯು, ಲುವೊ ಮುಂತಾದ ಬುಡಕಟ್ಟುಗಳ ನಡುವೆ ಹಿಂಸಾಚಾರ ಹಬ್ಬಿದಾಗ ತಾರತಮ್ಯ ಇನ್ನೂ ಏರಿತು. ಆಗ ಘಟಕದವರು ಭಾಷಣ ಏರ್ಪಡಿಸಲಿಲ್ಲ, ಕೂಲಿ ಲೆಕ್ಕ ಬದಲಿಸಿದರು: ಗೊಂಚಲು ಕಟ್ಟುವ ಇಬ್ಬರಿಗೂ ಇಬ್ಬರ ಒಟ್ಟು ಕೆಲಸದ ಮೇಲೆ ಕೂಲಿ. ಒಬ್ಬರಿಂದ ಕಿತ್ತು ಇನ್ನೊಬ್ಬರಿಗೆ ಕೊಟ್ಟು ಉಪಯೋಗವಿಲ್ಲವೆಂದಾದ ಮೇಲೆ, ಕಟ್ಟುವವರು ಬೇರೆ ಬೇರೆ ಬುಡಕಟ್ಟಿನವರಾಗಿದ್ದ ತಂಡಗಳ ಉತ್ಪಾದನೆ ಮೇಲೆದ್ದಿತು. ಉಳಿದ ತಂಡಗಳಲ್ಲಿ ಅದು ತುಸು ಇಳಿಯಿತು. ಕೂಲಿ ಹಂಚಿಹೋಗುವಾಗ ಅಷ್ಟು ಸಡಿಲಾಗುವುದು ಸಹಜ.

ಭಾರತದಲ್ಲಿ ಮ್ಯಾಟ್ ಲೋ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕ್ರಿಕೆಟ್ ಲೀಗ್ ಏರ್ಪಡಿಸಿ ಯುವಕರನ್ನು ಒಂದೇ ಜಾತಿಯ ಹಾಗೂ ಮಿಶ್ರ ಜಾತಿಯ ತಂಡಗಳಿಗೆ ಚೀಟಿ ಎತ್ತಿದಂತೆ ಹಂಚಿದರು. ಒಂದೇ ತಂಡದಲ್ಲಿ ಆಡಿದವರ ನಡುವೆ ಜಾತಿ ಮೀರಿದ ಗೆಳೆತನ ಬೆಳೆಯಿತು. ಎದುರಾಳಿಗಳಾಗಿಯಷ್ಟೇ ಭೇಟಿಯಾದವರಲ್ಲಿ ಫಲ ಬಹುಮಟ್ಟಿಗೆ ತಿರುಗುಮುರುಗಾಯಿತು. ಅರ್ಕದೇವ್ ಘೋಷ್ ಪಶ್ಚಿಮ ಬಂಗಾಳದ ಆಹಾರ ಪದಾರ್ಥಗಳ ಕಾರ್ಖಾನೆಯೊಂದರಲ್ಲಿ ಹಿಂದೂ–ಮುಸ್ಲಿಂ ಕಾರ್ಮಿಕರ ಮಿಶ್ರ ತಂಡಗಳನ್ನು ನಾಲ್ಕು ತಿಂಗಳು ಗಮನಿಸಿದರು. ಒಬ್ಬರ ಕೈ ನೋಡಿ ಇನ್ನೊಬ್ಬರು ದುಡಿಯಬೇಕಾದ ಲೈನ್‌ಗಳಲ್ಲಿ ಮಿಶ್ರ ತಂಡಗಳ ಉತ್ಪಾದನೆ ಮೊದಮೊದಲು ಕುಸಿಯಿತು, ತಿಂಗಳುಗಳು ಕಳೆದಂತೆ ಆ ಕೊರತೆ ಕರಗಿತು. ಅಕ್ಕಪಕ್ಕ ನಿಂತರೂ ತಮ್ಮ ಪಾಡಿಗೆ ತಾವು ಮಾಡಬಹುದಾದ ಕೆಲಸಗಳಲ್ಲಿ ಉತ್ಪಾದನೆಗೆ ಏನೂ ಆಗಲಿಲ್ಲ. ಹಿಂದೂ ಕಾರ್ಮಿಕರಿಗೆ ಮುಸ್ಲಿಮರ ಬಗ್ಗೆ ಇದ್ದ ಧೋರಣೆ ಸುಧಾರಿಸಿದ್ದು ಮೊದಲ ಬಗೆಯ ಲೈನ್‌ಗಳಲ್ಲಿ. ಎರಡನೆಯ ಬಗೆಯಲ್ಲಿ ಅದು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು.