ಕುದುರೆಗೆ ಹೆದರಿದ ಹುಡುಗ, ಆನೆಗೆ ಹೆದರುವ ಮಗು

ಇವತ್ತಿನ ಕಂತು ಶುರುವಾಗಿದ್ದು ನಮ್ಮ ಅತ್ತಿಗೆ ಕೇಳಿದ ಒಂದು ಪ್ರಶ್ನೆಯಿಂದ.

ಹೋದ ಮಾರ್ಚ್‌ನಲ್ಲಿ ಊರಿಗೆ ಹೋಗಿದ್ದೆ. ಆಲೂರು ದಾಟಿ ಸಕಲೇಶಪುರದ ಕಡೆ ಹೋಗುವಾಗ ಒಳಗೆ ಸಿಗೋ ಹಳ್ಳಿ ನಮ್ಮದು. ಸುತ್ತ ಕಾಫಿ ತೋಟ, ನಡುನಡುವೆ ಗದ್ದೆ. ಅಣ್ಣನ ಮಗಳಿಗೆ ಐದು ವರ್ಷ. ಕೆಲವು ವಾರಗಳಿಂದ ಅವಳು ಹಗಲಲ್ಲೂ ಒಬ್ಬಳೇ ಅಂಗಳ ದಾಟುತ್ತಿರಲಿಲ್ಲ. ಆನೆ ಬರುತ್ತೆ ಅಂತ. ಪುಸ್ತಕದಲ್ಲಿ 'ಆ' ಅಕ್ಷರದ ಹಾಳೆ ಬಂದರೆ ಮಗುಚಿಬಿಡುತ್ತಾಳೆ. ದೇವರ ಕೋಣೆಯ ಗಣಪತಿ ಬಗ್ಗೆ ಮಾತ್ರ ಏನೂ ತಕರಾರಿಲ್ಲ! ಅತ್ತಿಗೆ ಕೇಳಿದರು: "ನೀನು ಇದನ್ನೆಲ್ಲ ಓದಿಕೊಂಡಿದೀಯಲ್ಲ, ಹೇಳು. ಇದು ಕಾಯಿಲೆನಾ, ಬುದ್ಧಿನಾ?"

ಸುಮಾರು ಇದೇ ಪ್ರಶ್ನೆಯನ್ನು 1908ರಲ್ಲಿ ವಿಯೆನ್ನಾದ ಒಬ್ಬ ಅಪ್ಪ ಕೇಳಿದ್ದ. ಆತನ ಹೆಸರು ಮ್ಯಾಕ್ಸ್ ಗ್ರಾಫ್, ಸಂಗೀತ ವಿಮರ್ಶಕ. ಕೇಳಿದ್ದು ಸಿಗ್ಮಂಡ್ ಫ್ರಾಯ್ಡ್‌ನನ್ನು. ಗ್ರಾಫ್‌ನ ಮಗ ಹರ್ಬರ್ಟ್‌ಗೆ ಆಗ ಇನ್ನೂ ಐದು ತುಂಬಿರಲಿಲ್ಲ. ಬೀದಿಗೆ ಹೋಗಲು ಹೆದರುತ್ತಿದ್ದ, ಕುದುರೆ ಕಚ್ಚುತ್ತೆ ಅಂತ. ಆಗಿನ ವಿಯೆನ್ನಾ ಅಂದರೆ ಬಸ್ಸಿಗೂ ಕುದುರೆ, ಸಾಮಾನಿನ ಗಾಡಿಗೂ ಕುದುರೆ. ಹುಡುಗನ ಮನೆ ಎದುರಿಗೇ ಗಾಡಿಗಳು ಬಂದು ಹೋಗುವ ಉಗ್ರಾಣವಿತ್ತು. ಒಮ್ಮೆ ಬಸ್ಸಿನ ಕುದುರೆಯೊಂದು ಕುಸಿದು ಬಿದ್ದು ಕಾಲು ಒದರಿದ್ದನ್ನೂ ಆ ಮಗು ಕಣ್ಣಾರೆ ಕಂಡಿತ್ತು.

ಅಪ್ಪ ಮಗನ ಮಾತುಗಳನ್ನೆಲ್ಲ ಬರೆದುಕೊಂಡು ಫ್ರಾಯ್ಡ್‌ಗೆ ಕಳಿಸುತ್ತಿದ್ದ. ಫ್ರಾಯ್ಡ್ ಈ ಚಿಕಿತ್ಸೆಗಾಗಿ ಹುಡುಗನನ್ನು ನೋಡಿದ್ದು ಒಂದೇ ಒಂದು ಸಲ, 1908ರ ಮಾರ್ಚ್ 30ರಂದು. ಮುಂದಿನ ವರ್ಷ ಅದೇ ಟಿಪ್ಪಣಿಗಳ ಮೇಲೆ ದೊಡ್ಡ ಪ್ರಬಂಧ ಬರೆದ. ಅದರಲ್ಲಿ ಹುಡುಗನಿಗಿಟ್ಟ ಹೆಸರು 'ಪುಟ್ಟ ಹ್ಯಾನ್ಸ್'. ಮಕ್ಕಳ ಮನೋವಿಶ್ಲೇಷಣೆಯ ಚರಿತ್ರೆ ಶುರುವಾಗೋದೇ ಇಲ್ಲಿಂದ ಅಂತ ಹೇಳುವ ವಾಡಿಕೆ.

ಫ್ರಾಯ್ಡ್‌ನ ವಾದ ಹೀಗೆ. ಹುಡುಗನಿಗೆ ಅಮ್ಮ ಪೂರ್ತಿ ತನ್ನವಳಾಗಬೇಕು. ಅಡ್ಡ ಇರುವವನು ಅಪ್ಪ. ಅಪ್ಪನ ಮೇಲೆ ಪ್ರೀತಿಯೂ ಇದೆ, ಹೊಟ್ಟೆಕಿಚ್ಚೂ ಇದೆ, ಆ ಹೊಟ್ಟೆಕಿಚ್ಚಿಗೆ ಶಿಕ್ಷೆಯಾಗುತ್ತೆ, ಅಂಗವನ್ನೇ ಕತ್ತರಿಸುತ್ತಾರೆ ಅನ್ನೋ ದಿಗಿಲೂ ಇದೆ. ಮನೆಯೊಳಗಿನ ಅಪ್ಪನಿಗೆ ದಿನವಿಡೀ ಹೆದರಿ ಬದುಕಲು ಆಗುತ್ತಾ? ಆದ್ದರಿಂದ ಭಯ ಬೀದಿಯ ಕುದುರೆಗೆ ವರ್ಗವಾಗುತ್ತೆ. ಬೀದಿಗೆ ಹೋಗದಿದ್ದರೆ ಸಾಕು, ಭಯವೂ ಇಲ್ಲ, ಅಮ್ಮನ ಹತ್ತಿರವೂ ಇರಬಹುದು. 1926ರಲ್ಲಿ ಫ್ರಾಯ್ಡ್ ಈ ಹುಡುಗನ ಕಥೆಗೆ ಮತ್ತೆ ಬಂದು ತನ್ನದೇ ಸಿದ್ಧಾಂತದ ಒಂದು ತುಂಡನ್ನು ತಿರುವಿ ಹಾಕಿದ. ಅದುಮಿಟ್ಟ ಆಸೆ ಭಯವಾಗುತ್ತೆ ಅಂತ ಮೊದಲು ಅಂದಿದ್ದವನು, ಭಯವೇ ಮೊದಲು, ಅದುಮಿಡುವುದು ಆಮೇಲೆ ಅಂದ. ತಪ್ಪನ್ನು ತಾನೇ ತಿದ್ದಿಕೊಂಡ ಆ ಗುಣ ನನಗೆ ಇಷ್ಟ.

ಇದನ್ನು ನಮ್ಮ ಅತ್ತಿಗೆಗೆ ಹೇಳೋದು ಹೇಗೆ ಹೇಳಿ!

ಈ ವಿದ್ಯೆ ನಮ್ಮ ದೇಶಕ್ಕೆ ಬೇಗನೇ ಬಂತು. 1922ರಲ್ಲೇ ಕಲಕತ್ತೆಯಲ್ಲಿ ಗಿರೀಂದ್ರಶೇಖರ ಬೋಸ್ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದರು. ಫ್ರಾಯ್ಡ್ ಜೊತೆ ಪತ್ರವ್ಯವಹಾರ ಇದ್ದವರು, ಆದರೆ ತಲೆಯಾಡಿಸುವ ಶಿಷ್ಯರಲ್ಲ. ತಮ್ಮ ಭಾರತೀಯ ರೋಗಿಗಳಲ್ಲಿ ಆ ಕತ್ತರಿಸುವ ಭಯ ಯೂರೋಪಿನವರಷ್ಟು ಎದ್ದು ಕಾಣುವುದಿಲ್ಲ ಅಂತ 1929ರಲ್ಲಿ ಫ್ರಾಯ್ಡ್‌ಗೇ ಬರೆದರು. ನಮ್ಮ ಮೈಸೂರಿನ ದಾರಿ ಬೇರೆ. ಇಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಸ್ಪಿಯರ್‌ಮನ್ ಹತ್ತಿರ ಕಲಿತವರು, ಅಳತೆ ಮತ್ತು ಪ್ರಯೋಗದ ಕಡೆಯವರು. 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಶುರುಮಾಡಿದ್ದೂ ಇವರೇ. ಹಾಗೆ ನೋಡಿದರೆ ಮೈಕಿನ ಮುಂದೆ ಕೂತ ನಮಗೆಲ್ಲ ಅಜ್ಜ ಒಬ್ಬ ಮನಃಶಾಸ್ತ್ರಜ್ಞ. ಮನೋವೈದ್ಯದ ವಿಷಯವನ್ನು ಕನ್ನಡದ ಮನೆಗಳಿಗೆ ಮುಟ್ಟಿಸಿದವರಲ್ಲಿ 'ಕೊರವಂಜಿ'ಯ ರಾಶಿ, ಅಂದರೆ ಡಾ. ಎಂ. ಶಿವರಾಂ ಮುಖ್ಯರು. ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಇದೆಲ್ಲಕ್ಕೂ ಮೊದಲೇ ನಮ್ಮಲ್ಲಿ ಗುಮ್ಮ ಇದ್ದ. ಪುರಂದರದಾಸರ ಒಂದು ಕೀರ್ತನೆ ನಿಮಗೆ ಗೊತ್ತಿರುತ್ತೆ: ಪುಟ್ಟ ಕೃಷ್ಣ ಗುಮ್ಮನನ್ನು ಕರೆಯಬೇಡ ಅಂತ ಅಮ್ಮನನ್ನು ಬೇಡಿಕೊಳ್ಳುತ್ತಾನೆ. ಗಮನಿಸಿ, ಇಲ್ಲಿ ಗುಮ್ಮ ತಾನಾಗಿ ಬರುವವನಲ್ಲ. ಅಮ್ಮ ಕರೆದರೆ ಬರುತ್ತಾನೆ. ಭಯದ ಕೀಲಿ ಕಾಡಿನಲ್ಲಿಲ್ಲ, ಮನೆಯೊಳಗಿದೆ ಅನ್ನೋದು ದಾಸರಿಗೆ ಗೊತ್ತಿತ್ತು ಅಂತ ನನಗನಿಸುತ್ತೆ.

ಫ್ರಾಯ್ಡ್‌ನ ವಾದಕ್ಕೆ ಪೆಟ್ಟು ಬೇರೆ ದಿಕ್ಕಿನಿಂದ ಬಿತ್ತು. 1920ರಲ್ಲಿ ಅಮೆರಿಕದ ವಾಟ್ಸನ್ ಮತ್ತು ರೇನರ್ ಒಂದು ಕೂಸಿಗೆ ಬಿಳಿ ಇಲಿ ತೋರಿಸುವಾಗಲೆಲ್ಲ ಬೆನ್ನ ಹಿಂದೆ ಕಬ್ಬಿಣ ಬಡಿದು ಭಯ ಕಲಿಸಿದರು. ಇವತ್ತು ಯಾರಾದರೂ ಹಾಗೆ ಮಾಡಿದರೆ ಪೊಲೀಸರು ಬರುತ್ತಾರೆ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬಾಕೆ, ಮೊಲಕ್ಕೆ ಹೆದರುವ ಹುಡುಗನ ಭಯವನ್ನು ಅವನು ತಿಂಡಿ ತಿನ್ನುವಾಗ ಮೊಲವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದು ಬಿಡಿಸಿದಳು. 1960ರಲ್ಲಿ ವೋಲ್ಪೆ ಮತ್ತು ರ್‍ಯಾಕ್‌ಮನ್ ಪುಟ್ಟ ಹ್ಯಾನ್ಸ್‌ನ ಕಥೆಯನ್ನೇ ತೆಗೆದುಕೊಂಡು, ಕುದುರೆ ಬಿದ್ದಿದ್ದನ್ನು ಹುಡುಗ ನೋಡಿದ, ಹೆದರಿದ, ಇಷ್ಟು ಸಾಲದೇ ಅಂತ ಕೇಳಿದರು.

ಸಾಕು ಅಂತ ನಮ್ಮ ಕಡೆಯವರು ಹೇಳುತ್ತಾರೆ. ಇಲ್ಲಿ ಆನೆ ಯಾರ ಸಂಕೇತವೂ ಅಲ್ಲ. ಹೈಕೋರ್ಟ್ ಮಧ್ಯೆ ಬಂದ ಮೇಲೆ ರಚನೆಯಾದ ಆನೆ ಕಾರ್ಯಪಡೆ 2012ರ ವರದಿಯಲ್ಲಿ ಆಲೂರು ಭಾಗದ ಆನೆಗಳನ್ನು ಹಿಡಿದು ಸಾಗಿಸಿ ಅಂದಿತ್ತು. ಆಮೇಲೆ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದರು. ಹೋದವು, ಬೇರೆಯವು ಬಂದವು. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯಲು ಹೋದ ದಸರಾ ಆನೆ ಅರ್ಜುನನೇ ಕಾಡಾನೆ ತಿವಿತಕ್ಕೆ ಸತ್ತ. 8 ಸಲ ಚಿನ್ನದ ಅಂಬಾರಿ ಹೊತ್ತವನಿಗೇ ಹಾಗಾದ ಮೇಲೆ ಲೈನ್ ಮನೆಯಿಂದ ಶಾಲೆಗೆ ನಡೆದು ಹೋಗುವ ಮಗು ಹೆದರಿದರೆ ಅದಕ್ಕೆ ಕಾಯಿಲೆ ಅನ್ನೋಕೆ ಆಗುತ್ತಾ?

ಆದರೂ ನನ್ನ ಮನಸ್ಸು ಅಲ್ಲಿಗೆ ನಿಲ್ಲಲಿಲ್ಲ. ಪಕ್ಕದ ಮನೆಯ ಹುಡುಗರೂ ಅದೇ ಆನೆಗಳ ಸುದ್ದಿ ಕೇಳಿಕೊಂಡೇ ಬೆಳೆದವರು. 'ಭೀಮ ಬಂದ' ಅಂದರೆ ನೋಡೋಕೆ ಓಡುತ್ತಾರೆ. ಚಿತ್ರದ ಹಾಳೆ ಮಗುಚೋದು ಇವಳೊಬ್ಬಳೇ. ಬಿದ್ದ ಕುದುರೆಗಳನ್ನು ವಿಯೆನ್ನಾದ ಎಷ್ಟೋ ಮಕ್ಕಳು ನೋಡಿರಬೇಕಲ್ಲ?

ಇಲ್ಲಿ ನನಗೆ ನೆರವಾದವರು ಜಾನ್ ಬೌಲ್ಬಿ. ತಾಯಿ ಮಗುವಿನ ಅಗಲಿಕೆ ಬಗ್ಗೆ 1973ರಲ್ಲಿ ಬರೆದ ಪುಸ್ತಕದಲ್ಲಿ ಅವರು ಅದೇ ಹಳೇ ಟಿಪ್ಪಣಿಗಳನ್ನು ಮತ್ತೆ ಓದಿದರು. ಅಮ್ಮ ಎದ್ದು ಹೋಗಿಬಿಟ್ಟಳು ಅನ್ನೋ ದಿಗಿಲು ಹುಡುಗನಲ್ಲಿ ಕುದುರೆಗಿಂತ ಮೊದಲೇ ಇತ್ತು. ಬಿಟ್ಟು ಹೋಗ್ತೀನಿ ಅಂತ ಅಮ್ಮ ಹೆದರಿಸಿದ್ದೂ ಟಿಪ್ಪಣಿಯಲ್ಲೇ ಇದೆ. ಫ್ರಾಯ್ಡ್ ಅದನ್ನು ಹೆಚ್ಚು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬೀದಿಗೆ ಹೋದರೆ ವಾಪಸ್ ಬರುವಷ್ಟರಲ್ಲಿ ಮನೆಯಲ್ಲಿ ಅಮ್ಮ ಇರುತ್ತಾಳಾ ಅನ್ನೋದೇ ಹುಡುಗನ ಭಯ ಅಂತ ಬೌಲ್ಬಿ ಓದು. ಮುಂದೆ ಆ ಮನೆ ನಿಜಕ್ಕೂ ಒಡೆಯಿತು, ಅಪ್ಪ ಅಮ್ಮ ಬೇರೆಯಾದರು. 1922ರಲ್ಲಿ, 19ರ ವಯಸ್ಸಿನಲ್ಲಿ ಹರ್ಬರ್ಟ್ ಫ್ರಾಯ್ಡ್‌ನನ್ನು ನೋಡಲು ಹೋದ. ಪ್ರಬಂಧ ಓದಿದಾಗ ಅದು ಇನ್ಯಾರದೋ ಕಥೆ ಅನಿಸಿತ್ತಂತೆ. ಬೇಸಿಗೆಗೆ ಹೋಗುತ್ತಿದ್ದ ಗ್ಮುಂಡೆನ್ ಪ್ರಯಾಣದ ಭಾಗ ಬಂದಾಗ ಮಾತ್ರ ಏನೋ ಮಸುಕಾಗಿ ನೆನಪಾಯಿತಂತೆ. ಆತ ಒಪೆರಾ ನಿರ್ದೇಶಕನಾಗಿ ನ್ಯೂಯಾರ್ಕಿನಲ್ಲಿ ದೊಡ್ಡ ಹೆಸರು ಮಾಡಿದ.

ಅತ್ತಿಗೆಗೆ ನಾನು ಉತ್ತರ ಹೇಳಲಿಲ್ಲ, ತಿರುಗಿ ಕೇಳಿದೆ. ಇದು ಶುರುವಾಗಿದ್ದು ಯಾವಾಗ? ಲೆಕ್ಕ ಹಾಕಿ ಹೇಳಿದರು: ಹೂ ಮಳೆ ಕೈಕೊಟ್ಟು ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದ ವಾರ. ತ್ರೀ ಫೇಸ್ ಕರೆಂಟ್ ಬರೋದು ರಾತ್ರಿ. ಅಣ್ಣ ಹನ್ನೊಂದಕ್ಕೆ ಟಾರ್ಚ್ ಹಿಡಿದು ಪಂಪ್ ಮನೆಗೆ ಹೋಗುತ್ತಾನೆ.

"ಹೋಗುವಾಗ ಮಗುಗೆ ಹೇಳಿ ಹೋಗ್ತಾನಾ?"

"ಇಲ್ಲಪ್ಪ. ಹೇಳಿದ್ರೆ ಅಳ್ತಾಳೆ ಅಂತ ಮಲಗಿದ ಮೇಲೆ ಹೋಗ್ತಾರೆ. ಒಂದಿನ ಮಧ್ಯರಾತ್ರಿ ಎದ್ದು ಹುಡುಕಿದ್ಲು."

ಈಗ ಹೇಳಿ ಹೋಗುತ್ತಾನೆ. ಪಂಪ್ ಮನೆ ತಲುಪಿ ಫೋನ್ ಮಾಡುತ್ತಾನೆ, ಅವಳೇ ಎತ್ತಬೇಕು. ಹೋದ ವಾರ ಅತ್ತಿಗೆ ಫೋನ್ ಮಾಡಿದ್ದರು. ಹಗಲಲ್ಲಿ ಅಂಗಳದಲ್ಲಿ ಆಡ್ತಾಳಂತೆ, 'ಆ' ಹಾಳೆಗೆ ಬಣ್ಣ ಹಚ್ಚಿದಾಳಂತೆ. ಕತ್ತಲಾದ ಮೇಲೆ ಮಾತ್ರ ಅಂಗಳ ದಾಟಲ್ಲ. ನಮ್ಮ ಮನೇಲಿ ಯಾರೂ ದಾಟಲ್ಲ.